ಫಿಲಿಪೀನ್ಸ್‌ನವರನ್ನು ಮದುವೆಯಾಗುವ ಉತ್ತರ ಕನ್ನಡದವರಿಗೆ: ಯಾವ ಕಾಗದ, ಯಾವ ಕಚೇರಿ, ಯಾವಾಗ

ಭಟ್ಕಳ, ಹೊನ್ನಾವರ, ಕುಮಟಾ, ಕಾರವಾರಗಳಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರಿಗೂ ವ್ಯಾಪಾರಿ ಹಡಗುಗಳಲ್ಲಿ ಕೆಲಸ ಮಾಡುವವರಿಗೂ ಫಿಲಿಪೀನ್ಸ್‌ನವರ ಒಡನಾಟ ಹೊಸದಲ್ಲ. ಆ ಒಡನಾಟ ಮದುವೆಯ ಮಾತಿಗೆ ಬಂದಾಗ ಮನೆಯವರ ಒಪ್ಪಿಗೆಯ ಬಗ್ಗೆ ನಡೆಯುವಷ್ಟು ಚರ್ಚೆ ದಾಖಲೆಗಳ ಬಗ್ಗೆ ನಡೆಯುವುದಿಲ್ಲ. ಇಂಥ ಮದುವೆ ಎರಡೂ ದೇಶಗಳ ದಫ್ತರಗಳಲ್ಲಿ ಸರಿಯಾಗಿ ದಾಖಲಾಗಬೇಕು. ಒಂದರಲ್ಲಿ ದಾಖಲಾಗಿ ಇನ್ನೊಂದರಲ್ಲಿ ಬಿಟ್ಟುಹೋದರೆ ಅದರ ಕಷ್ಟವನ್ನು ಹೆಚ್ಚಾಗಿ ಅನುಭವಿಸುವವರು ತವರು ಬಿಟ್ಟು ದೂರ ಬಂದವರೇ. ಈ ಬರಹದಲ್ಲಿ ವರ ನಮ್ಮ ಜಿಲ್ಲೆಯವನು, ವಧು ಫಿಲಿಪೀನ್ಸ್‌ನವಳು ಎಂದು ಇಟ್ಟುಕೊಂಡಿದ್ದೇನೆ. ಅದಲುಬದಲಾದರೂ ಕಾಗದಗಳು ಬಹುಪಾಲು ಇವೇ.

ಮೊದಲು ನಿಶ್ಚಯವಾಗಬೇಕಾದದ್ದು ಮದುವೆಯ ಸ್ಥಳ, ಏಕೆಂದರೆ ಬೇಕಾಗುವ ಕಾಗದ, ಅದಕ್ಕೆ ಬೀಳಬೇಕಾದ ಮುದ್ರೆ, ಹಿಡಿಯುವ ಕಾಲ ಎಲ್ಲವೂ ಅದನ್ನು ಅವಲಂಬಿಸಿವೆ. ಕಾರವಾರದಲ್ಲೋ ಶಿರಸಿಯಲ್ಲೋ 1954ರ ವಿಶೇಷ ವಿವಾಹ ಕಾಯ್ದೆಯಡಿ ಆಗಬಹುದು, ಆಕೆಯ ಊರಿನಲ್ಲಿ ಅಲ್ಲಿಯ ಕಾನೂನಿನಂತೆ ಆಗಬಹುದು, ಇಲ್ಲವೇ ಇಬ್ಬರೂ ದುಡಿಯುತ್ತಿರುವ ಮೂರನೆಯ ದೇಶದಲ್ಲಿ ಆಗಬಹುದು. ಯಾವುದನ್ನು ಆರಿಸಿಕೊಂಡರೂ ಕೆಲಸವನ್ನು ಆಕೆಯ ದಾಖಲೆಗಳಿಂದಲೇ ಆರಂಭಿಸಿ ಎಂಬುದು ನನ್ನ ಆಗ್ರಹದ ಸಲಹೆ. ಅಡಚಣೆ ಏನಾದರೂ ಇದ್ದರೆ ಅದು ಹೊರಬೀಳುವುದು ಅಲ್ಲಿಯೇ.

ಫಿಲಿಪೀನ್ಸ್‌ನಲ್ಲಿ ಜನನ, ಮರಣ, ವಿವಾಹಗಳ ರಾಷ್ಟ್ರೀಯ ದಾಖಲೆ ಇರುವುದು ಫಿಲಿಪೀನ್ ಸ್ಟ್ಯಾಟಿಸ್ಟಿಕ್ಸ್ ಅಥಾರಿಟಿಯ ಬಳಿ. ಎಲ್ಲರೂ ಅದನ್ನು ಪಿಎಸ್‌ಎ ಎನ್ನುತ್ತಾರೆ. ಅಲ್ಲಿಂದ ಎರಡು ಕಾಗದಗಳು ಬೇಕು. ಒಂದು, ಭದ್ರತಾ ಕಾಗದದ ಮೇಲೆ ಮುದ್ರಿಸಿ ಕೊಡುವ ಜನನ ಪ್ರಮಾಣಪತ್ರ. ಇನ್ನೊಂದು, ಆಕೆಯ ಹೆಸರಿನಲ್ಲಿ ಯಾವ ವಿವಾಹವೂ ದಾಖಲಾಗಿಲ್ಲ ಎನ್ನುವ ಸೆನೋಮಾರ್. ಹಿಂದೆ ಮದುವೆಯಾಗಿದ್ದರೆ ಸೆನೋಮಾರ್ ಬದಲಿಗೆ ಆ ಮದುವೆಯ ವಿವರವಿರುವ ‘ಅಡ್ವೈಸರಿ ಆನ್ ಮ್ಯಾರೇಜಸ್’ ಬರುತ್ತದೆ. ಸೆನೋಮಾರ್ ಹಳೆಯದಾದಷ್ಟೂ ಕಚೇರಿಗಳು ಅದನ್ನು ಒಪ್ಪಲು ಹಿಂದೆಮುಂದೆ ನೋಡುತ್ತವೆಯಾದ್ದರಿಂದ ಮದುವೆಯ ತಿಂಗಳು ನಿಶ್ಚಯವಾದ ಮೇಲೆ ತರಿಸಿಕೊಳ್ಳುವುದು ಒಳ್ಳೆಯದು. ಈ ಕಾಗದಗಳನ್ನು ಹೊರದೇಶದಲ್ಲಿ ಬಳಸಬೇಕಾದರೆ ಅಲ್ಲಿಯ ವಿದೇಶಾಂಗ ಇಲಾಖೆಯ ಅಪೊಸ್ಟಿಲ್, ಎಂದರೆ ಕಾಗದದ ಸಹಿ-ಮೊಹರು ಅಸಲಿಯೆಂದು ದೃಢಪಡಿಸುವ ಮುದ್ರೆ ಬೇಕು. ಭಾರತದಲ್ಲಿ ಅಪೊಸ್ಟಿಲ್ ಒಪ್ಪಂದ 2005ರ ಜುಲೈನಿಂದಲೂ ಫಿಲಿಪೀನ್ಸ್‌ನಲ್ಲಿ 2019ರ ಮೇ 14ರಿಂದಲೂ ಜಾರಿಯಲ್ಲಿದೆ. ಹಾಗಾಗಿ ಈ ಎರಡು ದೇಶಗಳ ನಡುವಿನ ವ್ಯವಹಾರಕ್ಕೆ ಆ ಒಂದು ಮುದ್ರೆ ಸಾಕು. ಒಪ್ಪಂದಕ್ಕೆ ಸೇರದ ದೇಶದಲ್ಲಿ ಮದುವೆಯಾಗುವುದಾದರೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವನ್ನೂ ಮಾಡಿಸಬೇಕು.

ಆಕೆಗೆ ಹಿಂದೆ ಮದುವೆಯಾಗಿದ್ದರೆ ಈ ಭಾಗವನ್ನು ನಿಧಾನವಾಗಿ ಓದಿ. ಮುಸ್ಲಿಮರಿಗೆ ಪ್ರತ್ಯೇಕ ಕಾನೂನು ಇರುವುದನ್ನು ಬಿಟ್ಟರೆ ಫಿಲಿಪೀನ್ಸ್‌ನ ಪ್ರಜೆಗಳಿಗೆ ತಮ್ಮ ದೇಶದಲ್ಲಿ ವಿಚ್ಛೇದನದ ಅವಕಾಶವಿಲ್ಲ. ಹತ್ತು ವರ್ಷದಿಂದ ಬೇರೆಯಾಗಿ ಬದುಕುತ್ತಿದ್ದರೂ, ಮೊದಲ ಗಂಡ ಇನ್ನೊಬ್ಬಳೊಂದಿಗೆ ಸಂಸಾರ ಹೂಡಿದ್ದರೂ, ಅಲ್ಲಿಯ ನ್ಯಾಯಾಲಯ ಆ ಮದುವೆಯನ್ನು ಅಸಿಂಧುವೆಂದು ಘೋಷಿಸಿ ಅಥವಾ ರದ್ದುಪಡಿಸಿ, ಆ ತೀರ್ಪು ನಾಗರಿಕ ದಾಖಲೆಗಳಲ್ಲಿ ನೋಂದಣಿಯಾಗುವವರೆಗೆ ಆಕೆ ವಿವಾಹಿತೆಯೇ. ಮೊದಲ ಗಂಡ ವಿದೇಶಿಯಾಗಿದ್ದು ಹೊರದೇಶದಲ್ಲಿ ವಿಚ್ಛೇದನ ಸಿಕ್ಕಿದ್ದರೆ ಫಿಲಿಪೀನ್ಸ್‌ನ ಕುಟುಂಬ ಸಂಹಿತೆಯ 26ನೇ ವಿಧಿಯಂತೆ ಆಕೆ ಮರುಮದುವೆಯಾಗಬಹುದು. ವಿಚ್ಛೇದನಕ್ಕೆ ಅರ್ಜಿ ಹಾಕಿದವಳು ಆಕೆಯೇ ಆಗಿದ್ದರೂ ಇದು ಅನ್ವಯಿಸುತ್ತದೆಂದು 2018ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಆ ವಿದೇಶಿ ತೀರ್ಪಿಗೆ ಫಿಲಿಪೀನ್ಸ್ ನ್ಯಾಯಾಲಯದ ಮಾನ್ಯತೆ ಸಿಕ್ಕ ನಂತರವೇ ಪಿಎಸ್‌ಎ ದಾಖಲೆ ಬದಲಾಗುವುದು. ಈ ಹಂತವನ್ನು ಹಾರಿ, ‘ಇಲ್ಲಿ ಯಾರು ಕೇಳುತ್ತಾರೆ’ ಎಂದು ಕಾರವಾರದಲ್ಲಿ ಸಹಿ ಹಾಕಿದರೆ, ಜೀವಂತ ಸಂಗಾತಿ ಇರಬಾರದೆಂಬ ನಮ್ಮ ಕಾಯ್ದೆಯ ಷರತ್ತನ್ನೇ ಮುರಿದಂತಾಗಿ ಮದುವೆ ಶೂನ್ಯವಾಗುತ್ತದೆ.

ಆಕೆಯ ವಯಸ್ಸನ್ನೂ ನೋಡಿಕೊಳ್ಳಿ. ಮದುವೆಗೆ ಕನಿಷ್ಠ ವಯಸ್ಸು 18. ಆದರೆ 18ರಿಂದ 21ರ ನಡುವಿನವರಿಗೆ ತಂದೆತಾಯಿಯ ಲಿಖಿತ ಒಪ್ಪಿಗೆಯನ್ನೂ 21ರಿಂದ 25ರ ನಡುವಿನವರಿಗೆ ತಂದೆತಾಯಿಯ ಲಿಖಿತ ಸಲಹೆಯನ್ನೂ ಅಲ್ಲಿಯ ಕಾನೂನು ಕೇಳುತ್ತದೆ. ಇವುಗಳನ್ನು ಜೊತೆಗಿಟ್ಟುಕೊಂಡು ಆಕೆ ದೆಹಲಿಯ ಫಿಲಿಪೀನ್ಸ್ ರಾಯಭಾರ ಕಚೇರಿಯಿಂದ ವಿವಾಹ ಸಾಮರ್ಥ್ಯದ ಪ್ರಮಾಣಪತ್ರ, ಎಂದರೆ ಮದುವೆಯಾಗಲು ಕಾನೂನಿನ ಅಡ್ಡಿಯಿಲ್ಲವೆಂಬ ಪತ್ರ, ಪಡೆಯಬೇಕು. ನಮ್ಮ ವಿವಾಹಾಧಿಕಾರಿ ವಿದೇಶಿ ಪ್ರಜೆಯಿಂದ ಮುಖ್ಯವಾಗಿ ಕೇಳುವ ಕಾಗದ ಇದು. ಅಲ್ಲಿ ಖುದ್ದು ಹಾಜರಿ ಬೇಕಾಗಬಹುದಾದ್ದರಿಂದ ಆಕೆ ಮುಂಬೈಗೋ ಗೋವಾಕ್ಕೋ ನೇರ ಬಂದಿಳಿಯುವ ಬದಲು ದೆಹಲಿಯಲ್ಲಿ ಇಳಿದು, ಈ ಕೆಲಸ ಮುಗಿಸಿಕೊಂಡು ಕರಾವಳಿಗೆ ಬರುವಂತೆ ಪ್ರಯಾಣ ಯೋಜಿಸುವುದು ಜಾಣತನ. ರಾಯಭಾರ ಕಚೇರಿಯಲ್ಲೇ ಮದುವೆ ಮಾಡಿಸಬಹುದೆಂದು ಕೆಲವರು ಭಾವಿಸಿದ್ದಾರೆ. ಫಿಲಿಪೀನ್ಸ್‌ನ ಕಾನ್ಸುಲ್‌ಗಳಿಗೆ ವಿದೇಶದಲ್ಲಿ ತಮ್ಮ ಇಬ್ಬರು ಪ್ರಜೆಗಳ ನಡುವಿನ ಮದುವೆಯನ್ನು ನಡೆಸಿಕೊಡುವ ಅಧಿಕಾರ ಮಾತ್ರ ಇದೆ.

ಇನ್ನು ವರನ ಕಾಗದಗಳು. ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ವಿಳಾಸದ ದಾಖಲೆ, ಅವಿವಾಹಿತನೆಂಬ ಪ್ರಮಾಣಪತ್ರಿಕೆ ಅಂದರೆ ಅಫಿಡವಿಟ್, ಭಾವಚಿತ್ರಗಳು. ಹಳ್ಳಿಮನೆಗಳಲ್ಲಿ ಹುಟ್ಟಿ ಜನನ ನೋಂದಣಿಯೇ ಆಗದವರು ಘಟ್ಟದ ಮೇಲೂ ಕೆಳಗೂ ಇನ್ನೂ ಇದ್ದಾರೆ. 2023ರ ತಿದ್ದುಪಡಿಯ ನಂತರ, ವರ್ಷ ದಾಟಿದ ಜನನವನ್ನು ನೋಂದಾಯಿಸಲು ನ್ಯಾಯಾಲಯದ ಬದಲು ಜಿಲ್ಲಾ ಅಥವಾ ಉಪವಿಭಾಗೀಯ ದಂಡಾಧಿಕಾರಿಯ ಆದೇಶ ಪಡೆಯುವ ವ್ಯವಸ್ಥೆ ಬಂದಿದೆ. ನಮ್ಮಲ್ಲಿ ಕಾರವಾರ, ಕುಮಟಾ, ಭಟ್ಕಳ, ಶಿರಸಿ ಉಪವಿಭಾಗಗಳ ಪೈಕಿ ಹುಟ್ಟಿದ ಊರು ಯಾವುದಕ್ಕೆ ಸೇರುತ್ತದೋ ಅಲ್ಲಿ ವಿಚಾರಿಸಬೇಕು. ವಿಚ್ಛೇದಿತನಾಗಿದ್ದರೆ ನ್ಯಾಯಾಲಯದ ತೀರ್ಪಿನ ದೃಢೀಕೃತ ಪ್ರತಿ, ವಿಧುರನಾಗಿದ್ದರೆ ಪತ್ನಿಯ ಮರಣ ಪ್ರಮಾಣಪತ್ರ ಬೇಕು. ಊರ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಬರೆದುಕೊಂಡ ಬಿಡುಗಡೆ ಪತ್ರವನ್ನು ತೋರಿಸಿ ‘ಇದೇ ವಿಚ್ಛೇದನ’ ಎಂದರೆ ಯಾವ ರಾಯಭಾರ ಕಚೇರಿಯೂ ಒಪ್ಪುವುದಿಲ್ಲ.

ಹೆಸರಿನ ವಿಷಯಕ್ಕೆ ವಿಶೇಷ ಗಮನ ಕೊಡಬೇಕು. ನಮ್ಮಲ್ಲಿ ಗಣಪತಿ ರಾಮಕೃಷ್ಣ ಹೆಗಡೆ ಎಂದರೆ ನಡುವಿನದು ತಂದೆಯ ಹೆಸರು. ಫಿಲಿಪೀನ್ಸ್‌ನಲ್ಲಿ ಮರಿಯಾ ಸಾಂತೋಸ್ ಕ್ರೂಜ್ ಎಂದರೆ ನಡುವಿನದು ತಾಯಿಯ ತವರಿನ ಕುಲನಾಮ, ಕೊನೆಯದು ತಂದೆಯ ಕುಲನಾಮ. ಅರ್ಜಿಯ ‘ಮಿಡ್ಲ್ ನೇಮ್’ ಕಾಲಂ ತುಂಬುವಾಗ ಅವರ ಗುಮಾಸ್ತರು ವರನ ತಾಯಿಯ ಮನೆತನದ ಹೆಸರನ್ನು ನಿರೀಕ್ಷಿಸಿದರೆ, ನಮ್ಮವರು ವಧುವಿನ ನಡುವಿನ ಹೆಸರನ್ನು ಅವಳ ತಂದೆಯದೆಂದು ತಿಳಿದು ತಂದೆಯ ಕಾಲಮ್ಮಿಗೆ ಇಳಿಸಿಬಿಡುವ ಸಂಭವವಿದೆ. ಇದರ ಮೇಲೆ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಜಿ. ಆರ್. ಹೆಗಡೆ ಎಂದಿದ್ದು, ಪಾಸ್‌ಪೋರ್ಟಿನಲ್ಲಿ ಪೂರ್ಣ ಹೆಸರಿದ್ದು, ಆಧಾರ್‌ನಲ್ಲಿ ಇಂಗ್ಲಿಷ್ ಕಾಗುಣಿತ ಬೇರೆಯಿರುವುದೂ ಉಂಟು. ನಾಯ್ಕ, ನಾಯಕ, ಭಟ್, ಭಟ್ಟ ಎಂಬ ವ್ಯತ್ಯಾಸಗಳೂ ಹೀಗೆಯೇ. ಪಾಸ್‌ಪೋರ್ಟಿನಲ್ಲಿರುವ ರೂಪವನ್ನೇ ಆಧಾರವಾಗಿಟ್ಟುಕೊಂಡು ಉಳಿದೆಲ್ಲವನ್ನೂ ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳಿ. ವಿವಾಹ ಪ್ರಮಾಣಪತ್ರದಲ್ಲಿ ಒಮ್ಮೆ ತಪ್ಪು ಬಿದ್ದರೆ ಎರಡು ದೇಶಗಳಲ್ಲಿ ತಿದ್ದಿಸಬೇಕಾಗುತ್ತದೆ.

ಜಿಲ್ಲೆಯಲ್ಲೇ ವಿಶೇಷ ವಿವಾಹ ಕಾಯ್ದೆಯಡಿ ಮದುವೆ ಎಂದಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ವಿವಾಹಾಧಿಕಾರಿಗೆ ಇಬ್ಬರೂ ಸಹಿ ಮಾಡಿದ ನೋಟಿಸ್ ಕೊಡಬೇಕು. ನೋಟಿಸ್ ಕೊಡುವ ದಿನಕ್ಕೆ ಹಿಂದಿನ 30 ದಿನ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ವಾಸವಿರಬೇಕು. ಬಳಿಕ ಆಕ್ಷೇಪಣೆಗೆಂದು 30 ದಿನ ಕಾಯಬೇಕು. ಹಡಗಿನಿಂದಲೋ ದುಬೈಯಿಂದಲೋ ರಜೆಯಲ್ಲಿ ಬಂದವನಿಗೆ ಇದು ಕನಿಷ್ಠ ಎರಡು ತಿಂಗಳ ಲೆಕ್ಕ. ಒಂದು ತಿಂಗಳ ರಜೆ ಹಾಕಿ, ಛತ್ರ ಗೊತ್ತುಮಾಡಿ, ಕೊನೆಗೆ ಕಾನೂನುಬದ್ಧ ನೋಂದಣಿಯಾಗದೆ ಮರಳಬಾರದೆಂದಿದ್ದರೆ ರಜೆಯ ಅರ್ಜಿ ಹಾಕುವಾಗಲೇ ಈ ದಿನಗಳನ್ನು ಎಣಿಸಿಕೊಳ್ಳಬೇಕು. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ನಡೆಯದಿದ್ದರೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕು. ಆಕೆಯ ವೀಸಾ ಅವಧಿಯೂ ಇದಕ್ಕೆ ಹೊಂದಬೇಕು. ಆಕೆ ಮನೆಗೆ ಬಂದು ಉಳಿದ 24 ಗಂಟೆಯೊಳಗೆ ಮನೆಯವರು ವಿದೇಶಿಯೊಬ್ಬರು ಉಳಿದುಕೊಂಡಿದ್ದಾರೆಂಬ ಮಾಹಿತಿಯನ್ನು, ಸಿ ಫಾರ್ಮ್ ಎಂದು ಕರೆಯುತ್ತಿದ್ದುದನ್ನು, ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಗೋಕರ್ಣದ ಹೋಂಸ್ಟೇಗಳವರಿಗೆ ಇದು ದಿನನಿತ್ಯದ ಕೆಲಸವಾದರೂ ಮನೆಮಂದಿಗೆ ತಿಳಿದಿರುವುದಿಲ್ಲ.

ನೋಟಿಸನ್ನು ಕಚೇರಿಯ ಫಲಕದಲ್ಲಿ ಅಂಟಿಸುತ್ತಾರೆ. ಸಣ್ಣ ಊರಿನಲ್ಲಿ ಅದನ್ನು ಯಾರಾದರೂ ಓದಿಯೇ ಓದುತ್ತಾರೆ. ಮನೆಯವರಿಗೆ ಫಲಕದಿಂದ ಗೊತ್ತಾಗುವ ಮೊದಲು ನಿಮ್ಮ ಬಾಯಿಂದ ಗೊತ್ತಾಗಲಿ. ವಯಸ್ಸು, ಈಗಾಗಲೇ ಸಂಗಾತಿ ಇರುವುದು, ರಕ್ತಸಂಬಂಧದಂಥ ಕಾಯ್ದೆಯ ಕಾರಣಗಳಿಗೆ ಮಾತ್ರ ಆಕ್ಷೇಪಿಸಬಹುದು, ಬಂಧುಗಳ ಅಸಮಾಧಾನ ಆಕ್ಷೇಪಣೆಯಾಗದು. ಅವಧಿ ಮುಗಿದ ಮೇಲೆ ಮೂವರು ಸಾಕ್ಷಿಗಳ ಮುಂದೆ ಘೋಷಣೆಗೆ ಸಹಿ ಹಾಕಿದರೆ ಪ್ರಮಾಣಪತ್ರ ಸಿಗುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳವರು ಇನ್ನೊಂದನ್ನು ತಿಳಿದಿರಲೇಬೇಕು. ಅವಿಭಕ್ತ ಕುಟುಂಬದ ಹಿಂದೂ ಒಬ್ಬ ಹಿಂದೂಯೇತರರನ್ನು ಈ ಕಾಯ್ದೆಯಡಿ ಮದುವೆಯಾದರೆ, 19ನೇ ಕಲಂ ಪ್ರಕಾರ ಅವನು ಕುಟುಂಬದಿಂದ ವಿಭಕ್ತನಾದಂತೆ, ಮತ್ತು ಅವನ ಆಸ್ತಿಯ ಉತ್ತರಾಧಿಕಾರಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅವನ ಪಾಲು ಕಳೆದುಹೋಗುವುದಿಲ್ಲ, ಆದರೆ ಪಾಲುಪಟ್ಟಿ ಆಗದ ಅಡಿಕೆ ತೋಟವಿರುವ ಮನೆಯಲ್ಲಿ ಇದು ಮದುವೆಗೆ ಮೊದಲೇ ಮಾತಾಡಬೇಕಾದ ವಿಷಯ. ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸಿದರೆ ಇದನ್ನೆಲ್ಲ ತಪ್ಪಿಸಬಹುದೆಂಬ ಸಲಹೆ ಕೇಳಿಬಂದರೆ ನಂಬಬೇಡಿ. ಆ ಕಾಯ್ದೆಗೆ ಇಬ್ಬರೂ ಹಿಂದೂಗಳಾಗಿರಬೇಕು. ವರ ಕ್ರೈಸ್ತನಾಗಿದ್ದರೆ 1872ರ ಕಾಯ್ದೆಯಡಿ ಚರ್ಚಿನಲ್ಲೇ ಆಗಬಹುದು. ಆಗ ಆಕೆಯ ಊರಿನ ಚರ್ಚಿನಿಂದ ಹೊಸದಾಗಿ ಪಡೆದ ಜ್ಞಾನಸ್ನಾನದ ಪ್ರಮಾಣಪತ್ರವೂ ಬೇಕು.

ಆಕೆಯ ಊರಿನಲ್ಲಿ ಮದುವೆಯಾಗುವುದಾದರೆ ಕುಟುಂಬ ಸಂಹಿತೆಯ 21ನೇ ವಿಧಿಯಂತೆ ವರ ತನ್ನ ದೇಶದ ರಾಯಭಾರ ಕಚೇರಿಯಿಂದ, ಎಂದರೆ ಮನಿಲಾದ ಭಾರತೀಯ ರಾಯಭಾರ ಕಚೇರಿಯಿಂದ, ವಿವಾಹ ಸಾಮರ್ಥ್ಯದ ಪ್ರಮಾಣಪತ್ರ ತರಬೇಕು. ಆಮೇಲೆ ಆಕೆಯ ಊರಿನ ನಾಗರಿಕ ನೋಂದಣಾಧಿಕಾರಿಗೆ ಪರವಾನಗಿಯ ಅರ್ಜಿ, ಹತ್ತು ದಿನ ಪ್ರಕಟಣೆ, ಜೊತೆಗೆ ಆಪ್ತಸಮಾಲೋಚನೆಯ ತರಗತಿ. ಪರವಾನಗಿ ಸಿಕ್ಕ ಮೇಲೆ 120 ದಿನ ಅದು ಆ ದೇಶದ ಎಲ್ಲೆಡೆ ನಡೆಯುತ್ತದೆ. ಭಾರತೀಯರಿಗೆ 2025ರ ಜೂನ್‌ನಿಂದ 14 ದಿನಗಳ ವೀಸಾರಹಿತ ಪ್ರವೇಶ ಸಿಕ್ಕಿದೆಯಾದರೂ ಅದನ್ನು ವಿಸ್ತರಿಸಲು ಬರುವುದಿಲ್ಲ. ಮನಿಲಾದ ಕೆಲಸಕ್ಕೂ ಹತ್ತು ದಿನದ ಪ್ರಕಟಣೆಗೂ ಅಷ್ಟರಲ್ಲಿ ಸಮಯ ಸಾಲದು. ಹೆಚ್ಚು ಅವಧಿಯ ವೀಸಾ ಪಡೆದೇ ಹೋಗಿ. ಮದುವೆಯ ನಂತರ ಪಿಎಸ್‌ಎ ಪ್ರತಿ ತೆಗೆಸಿ, ಅಪೊಸ್ಟಿಲ್ ಮಾಡಿಸಿ ತಂದರೆ ಇಲ್ಲಿ ಬಳಸಬಹುದು.

ಮೂರನೆಯ ದೇಶದಲ್ಲಾದರೆ ಅಲ್ಲಿಯ ಕಾನೂನೇ ಮುಖ್ಯ. ಅಲ್ಲಿ ಕಾನೂನುಬದ್ಧವಾಗಿ ನಡೆದ ಮದುವೆಯನ್ನು 1969ರ ವಿದೇಶಿ ವಿವಾಹ ಕಾಯ್ದೆಯ 17ನೇ ಕಲಂ ಅಡಿ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬಹುದು.

ಮದುವೆ ಫಿಲಿಪೀನ್ಸ್‌ನ ಹೊರಗೆ ನಡೆದಿದ್ದರೆ ಅದನ್ನು ಆ ದೇಶದಲ್ಲಿರುವ ಫಿಲಿಪೀನ್ಸ್ ರಾಯಭಾರ ಕಚೇರಿಗೆ ಒಂದು ವರ್ಷದೊಳಗೆ ವರದಿ ಮಾಡಬೇಕು. ಇದಕ್ಕೆ ರಿಪೋರ್ಟ್ ಆಫ್ ಮ್ಯಾರೇಜ್ ಎನ್ನುತ್ತಾರೆ. ತಡವಾದರೆ ಕಾರಣ ವಿವರಿಸುವ ಅಫಿಡವಿಟ್ ಸೇರಿಸಬೇಕು. ನಮ್ಮವರು ಬಿಟ್ಟುಬಿಡುವ ಹಂತ ಇದೇ, ಏಕೆಂದರೆ ಇದನ್ನು ಮಾಡದಿದ್ದರೂ ಇಲ್ಲಿ ಯಾವ ಕೆಲಸವೂ ನಿಲ್ಲುವುದಿಲ್ಲ. ಆದರೆ ಅವಳ ದೇಶದ ದಾಖಲೆಯಲ್ಲಿ ಅವಳು ಅವಿವಾಹಿತೆಯಾಗಿಯೇ ಉಳಿಯುತ್ತಾಳೆ, ಪಾಸ್‌ಪೋರ್ಟಿನಲ್ಲಿ ಗಂಡನ ಕುಲನಾಮ ಸೇರಿಸಲು ಹೋದಾಗ ತೊಡಕಾಗುತ್ತದೆ. ಕುಲನಾಮ ಬದಲಿಸಲೇಬೇಕೆಂದು ಅಲ್ಲಿಯ ಕಾನೂನು ಹೇಳುವುದಿಲ್ಲ, ಆ ಆಯ್ಕೆ ಅವಳದೇ.

ನೆಲೆಸಲೆಂದು ಫಿಲಿಪೀನ್ಸ್‌ನಿಂದ ಹೊರಡುವ ಪತ್ನಿ ಅಥವಾ ವಾಗ್ದತ್ತೆ, ಕಮಿಷನ್ ಆನ್ ಫಿಲಿಪಿನೋಸ್ ಓವರ್‌ಸೀಸ್ ನಡೆಸುವ ಸಮಾಲೋಚನೆಗೆ ಹಾಜರಾಗಿ ಪ್ರಮಾಣಪತ್ರ ಪಡೆಯಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆಯುವ ಸಂಭವವಿದೆ. ಮೋಸದ ಮದುವೆಗಳಿಂದ ತಮ್ಮ ಹೆಣ್ಣುಮಕ್ಕಳನ್ನು ಕಾಪಾಡಲು ಆ ದೇಶ ಮಾಡಿಕೊಂಡ ಏರ್ಪಾಡು ಇದು, ಗೌರವದಿಂದ ಪಾಲಿಸಿ. ಹಣ ಪಡೆದು ವಿದೇಶಿಯರಿಗೆ ವಧುವನ್ನು ಗೊತ್ತುಮಾಡುವ ದಲ್ಲಾಳಿ ವ್ಯವಹಾರ 2016ರ ಕಾನೂನಿನಂತೆ ಅಲ್ಲಿ ಅಪರಾಧ.

ಇಲ್ಲಿಗೆ ಬಂದ ಮೇಲೆ ಆಕೆಗೆ ಭಾರತೀಯರ ಸಂಗಾತಿಗೆ ಕೊಡುವ ಎಕ್ಸ್ ವರ್ಗದ ಪ್ರವೇಶ ವೀಸಾ ಬೇಕು. ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ನೋಡಿಕೊಳ್ಳುವುದು ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿ. ನೋಂದಾಯಿತ ಮದುವೆ ಎರಡು ವರ್ಷ ಮುಂದುವರಿದ ಮೇಲೆ ಆಕೆ ಸಾಗರೋತ್ತರ ಭಾರತೀಯ ಪ್ರಜೆ ಕಾರ್ಡಿಗೆ, ಎಂದರೆ ಒಸಿಐಗೆ, ಅರ್ಜಿ ಹಾಕಬಹುದು. ಅಲ್ಲಿಯವರೆಗೆ ವೀಸಾ ಒಂದು ದಿನವೂ ತಪ್ಪಬಾರದು. 2004ರ ಡಿಸೆಂಬರ್ 3ರಿಂದ ಈಚೆಗೆ ಭಾರತದಲ್ಲಿ ಹುಟ್ಟಿದ ಮಗುವಿಗೆ ಒಬ್ಬ ಪೋಷಕರ ಮೂಲಕ ಪೌರತ್ವ ಸಿಗಬೇಕಾದರೆ ಇನ್ನೊಬ್ಬರು ಆ ಹೊತ್ತಿಗೆ ಅಕ್ರಮ ವಲಸಿಗರಾಗಿರಬಾರದು, ಮತ್ತು ವೀಸಾ ಮುಗಿದ ಮೇಲೂ ಉಳಿದವರನ್ನು ಕಾನೂನು ಹಾಗೆಯೇ ಪರಿಗಣಿಸುತ್ತದೆ. ಪಾಸ್‌ಪೋರ್ಟ್, ವೀಸಾ ಪತ್ರ, ಪಿಎಸ್‌ಎ ಮೂಲ ಪ್ರತಿಗಳು ಗಂಡನ ಮನೆಯ ಕಪಾಟಿನ ಬೀಗದೊಳಗೆ ಸೇರದೆ ಆಕೆಯ ಕೈಯಲ್ಲೇ ಇರಲಿ. ಮನೆಯವರು ಜೆರಾಕ್ಸ್ ಇಟ್ಟುಕೊಂಡರೆ ಸಾಕು.