ಎಪಿಸ್ಕೋಪಲ್ ಚರ್ಚಿನಲ್ಲಿ ಮೊದಲ ಭಾನುವಾರ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಮಂಗಳೂರು, ಧಾರವಾಡ, ಬೆಂಗಳೂರು ಕಡೆಯಿಂದ ಇಲ್ಲಿಗೆ ಬಂದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬಗಳು ನನ್ನನ್ನು ಮೊದಲು ಕೇಳುವುದು, "ಅಕ್ಕಾ, ಇಲ್ಲಿ ನಮ್ಮ ಚರ್ಚ್ ಎಲ್ಲಿದೆ?" ಅಂತ. ದೊಡ್ಡ ನಗರಗಳಲ್ಲಿ ಸಿ.ಎಸ್.ಐ. ಸಭೆಗಳಿವೆ, ಆದರೆ ಹೆಚ್ಚಿನವು ಮಲಯಾಳಂ, ತೆಲುಗು ಅಥವಾ ತಮಿಳಿನವು. ನಿಮ್ಮೂರಲ್ಲಿ ಅದೂ ಇಲ್ಲವಾದರೆ ಮನೆಯಲ್ಲಿ ಕೂತು ಯೂಟ್ಯೂಬ್‌ನಲ್ಲಿ ಆರಾಧನೆ ನೋಡುತ್ತಾ ವರ್ಷ ಕಳೆಯಬೇಡಿ. ಹತ್ತಿರದ ಎಪಿಸ್ಕೋಪಲ್ ಚರ್ಚಿಗೆ ಹೋಗಿ. ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಮೂಲದ), ಮೆಥಡಿಸ್ಟ್ ಮುಂತಾದ ಸಭೆಗಳು ಕೂಡಿ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆದ ನಮ್ಮ ಸಭೆಯೂ, ಅಮೆರಿಕದ ಈ ಸಭೆಯೂ ಆಂಗ್ಲಿಕನ್ ಕಮ್ಯೂನಿಯನ್ ಎಂಬ ಒಂದೇ ಬಳಗಕ್ಕೆ ಸೇರಿದವು. ನೀವು ಹೋಗುತ್ತಿರುವುದು ನೆಂಟರ ಮನೆಗೆ.

ಹೊರಡುವ ಮುಂಚೆ ಚರ್ಚಿನ ವೆಬ್‌ಸೈಟಿನಲ್ಲಿ ಸಮಯ ನೋಡಿಕೊಳ್ಳಿ. ಹಲವು ಕಡೆ ಎರಡು ಆರಾಧನೆ ಇರುತ್ತದೆ. ಬೆಳಗಿನ ಎಂಟರದ್ದು ಸಾಮಾನ್ಯವಾಗಿ ಹಾಡಿಲ್ಲದ, ಹಳೆಯ ಇಂಗ್ಲಿಷಿನ ಚಿಕ್ಕ ಆರಾಧನೆ. ಹತ್ತು, ಹತ್ತೂವರೆಯದ್ದಕ್ಕೆ ಕ್ವೈರ್, ಮಕ್ಕಳು, ಗದ್ದಲ ಎಲ್ಲ ಇರುತ್ತದೆ. ಮೊದಲ ಸಲ ಎರಡನೆಯದಕ್ಕೇ ಹೋಗಿ. ಸೀರೆ, ಚೂಡಿದಾರ, ಪ್ಯಾಂಟು, ಯಾವುದಾದರೂ ನಡೆಯುತ್ತದೆ. ಚಪ್ಪಲಿ ಬಿಡುವ ರೂಢಿಯಿಲ್ಲ.

ಬಾಗಿಲಲ್ಲಿ ನಿಂತವರು ಕೈಗೊಂದು ಬುಲೆಟಿನ್ ಕೊಡುತ್ತಾರೆ. ಆವತ್ತಿನ ಕ್ರಮ ಪೂರ್ತಿ ಅದರಲ್ಲೇ ಅಚ್ಚಾಗಿದ್ದರೆ ಸುಲಭ. ಇಲ್ಲದಿದ್ದರೆ ಮುಂದಿನ ಬೆಂಚಿನ ಹಿಂಬದಿಯಲ್ಲಿ ಎರಡು ಪುಸ್ತಕಗಳಿರುತ್ತವೆ: 1979ರ ಪ್ರಾರ್ಥನಾ ಪುಸ್ತಕ, 1982ರ ಹಾಡಿನ ಪುಸ್ತಕ. ರೊಟ್ಟಿ, ವೈನ್ ಹಂಚಿಕೊಳ್ಳುವ ಪ್ರಭುಭೋಜನದ ಈಗಿನ ಭಾಷೆಯ ಕ್ರಮ ಪ್ರಾರ್ಥನಾ ಪುಸ್ತಕದ 355ನೇ ಪುಟದಿಂದ ಶುರು, ಬೆರಳಿಟ್ಟು ಹಿಡಿದುಕೊಳ್ಳಿ. ತೀರಾ ಮುಂದಿನ ಸಾಲಿನಲ್ಲಿ ಕೂರಬೇಡಿ, ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಅನ್ನುವುದು ಮುಂದಿನವರನ್ನು ನೋಡಿದರೆ ತಿಳಿಯುತ್ತದೆ. ಪಾಪ ಅರಿಕೆ, ವಿಶ್ವಾಸ ಪ್ರಮಾಣ, ಸುವಾರ್ತೆ ಓದುವಾಗ ನಿಲ್ಲುವುದು, ಎಲ್ಲ ನಿಮಗೆ ಗೊತ್ತಿರುವ ಜಾಡೇ. ಕರ್ತನ ಪ್ರಾರ್ಥನೆ ಬಂದಾಗ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಕನ್ನಡದಲ್ಲೇ ಹೇಳಿಕೊಳ್ಳಿ. ನಾನು ಇಷ್ಟು ವರ್ಷವಾದರೂ ಹಾಗೇ ಹೇಳುವುದು.

ನಡುವೆ "ಸಮಾಧಾನ" ಹಂಚಿಕೊಳ್ಳುವ ಹೊತ್ತು ಬರುತ್ತದೆ. ಎಲ್ಲರೂ ಎದ್ದು ಸಾಲು ದಾಟಿ ಕೈ ಕುಲುಕುತ್ತಾರೆ, ಕೆಲವರು ಅಪ್ಪಿಕೊಳ್ಳಲೂ ಬರುತ್ತಾರೆ. ಇಷ್ಟವಿಲ್ಲದಿದ್ದರೆ ಕೈಮುಗಿದರೆ ಸಾಕು. ಇದು ಅಮೆರಿಕನ್ನರ ಸಲಿಗೆ ಅಂದುಕೊಳ್ಳಬೇಡಿ. ಒಬ್ಬರ ಅಂಗೈಯಿಂದ ಇನ್ನೊಬ್ಬರ ಅಂಗೈಗೆ ಸಮಾಧಾನ ದಾಟಿಸುವ ಪದ್ಧತಿಯನ್ನು ಸಿ.ಎಸ್.ಐ. 1950ರ ತನ್ನ ಆರಾಧನಾ ಕ್ರಮದಲ್ಲಿ ಮತ್ತೆ ತಂದಿತು. ಆಮೇಲೆ ಪಶ್ಚಿಮದ ಸಭೆಗಳು ತಮ್ಮ ಪುಸ್ತಕಗಳನ್ನು ತಿದ್ದುವಾಗ ಆ ಕ್ರಮವನ್ನು ಕಣ್ಣಮುಂದೆ ಇಟ್ಟುಕೊಂಡಿದ್ದವು. ಇದನ್ನು ಇಲ್ಲಿನವರಿಗೆ ಹೇಳುವಾಗ ನನಗೆ ತುಂಬಾ ಹೆಮ್ಮೆ.

ಪ್ರಭುಭೋಜನದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೊಸಬರು ತಡವರಿಸುವುದು ಇಲ್ಲೇ. ದೀಕ್ಷಾಸ್ನಾನವಾದವರು ಯಾವ ಸಭೆಯವರಾದರೂ ತೆಗೆದುಕೊಳ್ಳಬಹುದು. ಸಾಲಾಗಿ ಮುಂದೆ ಹೋಗಿ ಬಲಿಪೀಠದ ಮುಂದಿನ ಕಟಕಟೆಯ ಬಳಿ ಮೊಣಕಾಲೂರಿ ಅಥವಾ ನಿಂತು, ಎಡ ಅಂಗೈ ಮೇಲೆ ಬಲ ಅಂಗೈ ಚಾಚಿ. ರೊಟ್ಟಿ ಇಟ್ಟಾಗ "ಆಮೆನ್" ಅನ್ನಿ. ನಮ್ಮಲ್ಲಿ ಹಲವು ಕಡೆ ಕೊಡುವಂತೆ ಪುಟ್ಟ ಲೋಟಗಳಿರುವುದಿಲ್ಲ, ಎಲ್ಲರಿಗೂ ಒಂದೇ ಪಾತ್ರೆ, ಒಳಗಿರುವುದು ನಿಜವಾದ ವೈನ್. ಪಾತ್ರೆಯ ಬುಡವನ್ನು ಮೆಲ್ಲಗೆ ಹಿಡಿದು ತುಟಿಗೆ ತಂದುಕೊಳ್ಳಬೇಕು. ವೈನ್ ಬೇಡ ಅನಿಸಿದರೆ ಎದೆಯ ಮೇಲೆ ಕೈಗಳನ್ನು ಅಡ್ಡಲಾಗಿ ಕಟ್ಟಿಕೊಳ್ಳಿ, ಪಾತ್ರೆ ಹಿಡಿದವರು ಮುಂದೆ ಹೋಗುತ್ತಾರೆ. ರೊಟ್ಟಿ ಮಾತ್ರ ತೆಗೆದುಕೊಂಡರೂ ಪೂರ್ಣ ಪ್ರಭುಭೋಜನವೇ. ದೀಕ್ಷಾಸ್ನಾನ ಆಗದವರು, ಜೊತೆಗೆ ಬಂದ ಹಿಂದೂ ಸ್ನೇಹಿತರು ಕೂಡ, ಮುಂದೆ ಹೋಗಿ ಹಾಗೇ ಕೈಕಟ್ಟಿ ನಿಂತರೆ ಆಶೀರ್ವಾದ ಮಾಡುತ್ತಾರೆ; ಕೂತಲ್ಲೇ ಇದ್ದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಮಕ್ಕಳಿರುವವರು ಗಮನಿಸಿ. ನಮ್ಮಲ್ಲಿ ಪ್ರಭುಭೋಜನಕ್ಕೆ ದೃಢೀಕರಣ (ಕನ್ಫರ್ಮೇಶನ್) ಆಗುವ ತನಕ ಕಾಯಿಸುವ ವಾಡಿಕೆ ಇದೆಯಲ್ಲ, ಇಲ್ಲಿ ದೀಕ್ಷಾಸ್ನಾನವಾದ ಮಗುವಿಗೂ ಕೊಡುತ್ತಾರೆ. ಐದು ವರ್ಷದ ಮಗು ಕೈ ಚಾಚಿದರೆ ಗದರಿಸಿ ಕೈ ಹಿಂದಕ್ಕೆ ಎಳೆಯಬೇಡಿ. ಕೊಡಿಸಬೇಕೋ ಬೇಡವೋ ಅನ್ನುವುದನ್ನು ಮನೆಯಲ್ಲೇ ಮಾತಾಡಿಕೊಂಡು ಹೋಗಿ.

ಕಾಣಿಕೆ ತಟ್ಟೆ ಬಂದಾಗ ಹೊಸಬರು ಹಾಕಲೇಬೇಕೆಂದಿಲ್ಲ.

ಅಯ್ಯನವರ ಜಾಗದಲ್ಲಿ ಅಮ್ಮನವರು ಇದ್ದರೆ ಆಶ್ಚರ್ಯಪಡಬೇಡಿ; 1976ರಲ್ಲೇ ಈ ಸಭೆ ಹೆಂಗಸರಿಗೆ ಯಾಜಕ ದೀಕ್ಷೆ ಕೊಡಲು ಒಪ್ಪಿತು. 2015ರಿಂದ ಸಲಿಂಗ ದಂಪತಿಗಳ ಮದುವೆಯನ್ನೂ ನಡೆಸುತ್ತದೆ. ನಮ್ಮವರಲ್ಲಿ ಕೆಲವರಿಗೆ ಇದು ಕಷ್ಟವಾಗುತ್ತದೆ ಅಂತ ಗೊತ್ತು, ಹೋದಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿದಿರಲಿ.

ಇಷ್ಟೆಲ್ಲ ಮರೆತರೂ ಒಂದನ್ನು ಮಾತ್ರ ಮರೆಯಬೇಡಿ: ಆಶೀರ್ವಾದ ಮುಗಿದ ಕೂಡಲೇ ಕಾರಿನ ಕಡೆ ಹೋಗಬೇಡಿ. ಪಕ್ಕದ ಹಾಲ್‌ನಲ್ಲಿ ಕಾಫಿ ಇರುತ್ತದೆ. ಊರಲ್ಲಿ ಅಯ್ಯನವರು ತಾವಾಗಿ ಮನೆಗೆ ಬಂದು ಪ್ರಾರ್ಥನೆ ಮಾಡುತ್ತಾರೆ. ಇಲ್ಲಿ ಕರೆಯದೆ ಯಾರೂ ಮನೆಗೆ ಬರುವುದಿಲ್ಲ. ಅದು ಅಸಡ್ಡೆಯಲ್ಲ, ನಿಮ್ಮ ಖಾಸಗಿತನಕ್ಕೆ ಕೊಡುವ ಮರ್ಯಾದೆ. ಹಾಗಾಗಿ ಪರಿಚಯವಾಗುವುದು ಆ ಕಾಫಿ ಮೇಜಿನ ಸುತ್ತಲೇ. ಮನೆ ಬಾಡಿಗೆ, ಮಕ್ಕಳ ಶಾಲೆ, ಹಿಮಕ್ಕೆ ಬೇಕಾದ ಬೂಟು, ಎಲ್ಲದಕ್ಕೂ ಉತ್ತರ ಅಲ್ಲಿ ಸಿಗುತ್ತದೆ. ನಮ್ಮ ಮಗಳ ಬಾಣಂತನದಲ್ಲಿ ಊರಿಂದ ಯಾರೂ ಬರಲಾಗದಿದ್ದಾಗ ಸರದಿ ಪಟ್ಟಿ ಬರೆದು ಊಟ ತಂದುಕೊಟ್ಟವರು ಆ ಮೇಜಿನ ಬಳಿ ಸಿಕ್ಕ ಮುದುಕಿಯರೇ. ಹೊಸಬರ ಕಾರ್ಡಿನಲ್ಲಿ ಹೆಸರು, ಇಮೇಲ್ ಬರೆದುಕೊಡಿ.

ಒಂದೆರಡು ತಿಂಗಳಾದ ಮೇಲೆ ಇಲ್ಲೇ ಸದಸ್ಯರಾಗಬೇಕು ಅನಿಸಿದರೆ ಊರಿನ ಸಭೆಯಿಂದ ವರ್ಗಾವಣೆ ಪತ್ರ, ದೀಕ್ಷಾಸ್ನಾನ ಮತ್ತು ದೃಢೀಕರಣದ ಸರ್ಟಿಫಿಕೇಟು ತರಿಸಿಕೊಳ್ಳಿ. ದೀಕ್ಷಾಸ್ನಾನ ಮತ್ತೆ ಮಾಡಿಸಬೇಕಿಲ್ಲ. ಪೆಂತೆಕೊಸ್ತೆ ಹಬ್ಬಕ್ಕೆ ಹಲವು ಚರ್ಚುಗಳಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ವಾಕ್ಯ ಓದಿಸುತ್ತಾರೆ. ಕನ್ನಡದಲ್ಲಿ ಓದುತ್ತೀರಾ ಎಂದು ಕೇಳಿದರೆ ಸಂಕೋಚಪಡದೆ ಹೂಂ ಅನ್ನಿ, ನಿಮ್ಮ ಕನ್ನಡ ಬೈಬಲನ್ನು ಸೂಟ್‌ಕೇಸಿನಿಂದ ಈಗಲೇ ತೆಗೆದಿಡಿ.