‘ಏನೂ ಬ್ಯಾಡ’ ಅನ್ನೋ ಅಪ್ಪ-ಅಮ್ಮನಿಗೆ ಕ್ರಿಸ್‌ಮಸ್ ಉಡುಗೊರೆ: ನನ್ನ ಅನುಭವ

ಅಪ್ಪ-ಅಮ್ಮ ಹೇಳುವ ‘ಬ್ಯಾಡ’ದಲ್ಲಿ ಮೂರು ಥರ ಇವೆ. ‘ಸುಮ್ನೆ ಯಾಕೆ ರೊಕ್ಕ ಹಾಳು’ ಅನ್ನುವುದು ಒಂದು. ‘ಇರೋದನ್ನೇ ಇಡಾಕೆ ಜಾಗ ಇಲ್ಲ’ ಅನ್ನುವುದು ಇನ್ನೊಂದು. ಮೂರನೆಯದನ್ನು ಅವರು ಬಾಯಿಬಿಟ್ಟು ಹೇಳುವುದೇ ಇಲ್ಲ: ತಂದುಕೊಟ್ಟ ವಸ್ತುವನ್ನು ಬಳಸುವುದು ಹೇಗೆಂದು ಗೊತ್ತಾಗುವುದಿಲ್ಲ, ಕೇಳಲು ಸಂಕೋಚ. ಈ ಮೂರಕ್ಕೂ ಒಂದೇ ಮದ್ದು ನಡೆಯುವುದಿಲ್ಲ. ಅಂಗಡಿಗೆ ಹೋಗುವ ಮೊದಲು ನಿಮ್ಮ ಮನೆಯ ‘ಬ್ಯಾಡ’ ಯಾವುದೆಂದು ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಬಾಯಲ್ಲಿ ಕೇಳಿ ಪ್ರಯೋಜನವಿಲ್ಲ, ಕಣ್ಣಲ್ಲಿ ನೋಡಬೇಕು. ದಾವಣಗೆರೆಯಲ್ಲಿ ಹೆತ್ತವರಿದ್ದು ಮಕ್ಕಳು ಬೆಂಗಳೂರಲ್ಲಿರುವ ಮನೆಗಳಲ್ಲಿ ಇದಕ್ಕೆ ಒಳ್ಳೆಯ ದಿನ ನವೆಂಬರ್ 2. ಸತ್ತವರ ಸ್ಮರಣೆಗೆ, ಸಮಾಧಿಗೆ ಹೂವಿಡಲು ಹೇಗೂ ಊರಿಗೆ ಬಂದಿರುತ್ತೀರಿ. ಆವತ್ತು ನಾನು ನೋಡುವುದು ಇಷ್ಟು: ಚಪ್ಪಲಿಯ ಹಿಮ್ಮಡಿ ಎಷ್ಟು ಸವೆದಿದೆ, ಕನ್ನಡಕದ ಕಾಲಿಗೆ ದಾರ ಸುತ್ತಿದ್ದಾರೆಯೇ, ಕುಕ್ಕರ್‌ನಿಂದ ಆವಿ ಪಕ್ಕದಲ್ಲಿ ಸೋರುತ್ತದೆಯೇ, ಮಿಕ್ಸಿ ಚಟ್ನಿ ರುಬ್ಬುವಾಗ ಕರಕರ ಅನ್ನುತ್ತದೆಯೇ, ಬಚ್ಚಲಲ್ಲಿ ಏಳುವಾಗ ಯಾವುದನ್ನು ಹಿಡಿದುಕೊಳ್ಳುತ್ತಾರೆ. ಕಂಡದ್ದರ ಫೋಟೊ ತೆಗೆದುಕೊಳ್ಳಿ. ಮಿಕ್ಸಿ ತಳದಲ್ಲಿ ಅಂಟಿಸಿದ ಮಾಡೆಲ್ ನಂಬರು, ಕುಕ್ಕರ್‌ನ ಕಂಪನಿ, ಎಷ್ಟು ಲೀಟರಿನದು, ಮುಚ್ಚಳ ಒಳಗೆ ಕೂರುವುದೋ ಹೊರಗೆ ಕೂರುವುದೋ, ಎಲ್ಲ ಬೇಕು. ಮಂಡಿಪೇಟೆಯ ಅಂಗಡಿ ಮುಂದೆ ನಿಂತು ‘ಅಮ್ಮಾ, ನಮ್ ಕುಕ್ಕರ್ ಎಷ್ಟ್ ಲೀಟರ್?’ ಅಂತ ಫೋನ್ ಮಾಡಿದರೆ ಗುಟ್ಟು ಅಲ್ಲಿಗೇ ಮುಗಿಯಿತು.

ರೊಕ್ಕದ ‘ಬ್ಯಾಡ’ಕ್ಕೆ ದಾರಿ ಸುಲಭ. ಹೊಸ ವಸ್ತು ತರಬೇಡಿ, ದಿನಾ ಬಳಸುವ ಹಳೆಯದನ್ನು ಸರಿಮಾಡಿಸಿ ಅಥವಾ ಅದರದೇ ಹೊಸದು ತನ್ನಿ. ಕುಕ್ಕರ್‌ಗೆ ಗ್ಯಾಸ್ಕೆಟ್, ವೆಯ್ಟ್, ಸೇಫ್ಟಿ ವಾಲ್ವ್ ಮೂರನ್ನೂ ಒಟ್ಟಿಗೆ ಬದಲಾಯಿಸಿ. ಮಿಕ್ಸಿ ಜಾರ್‌ಗೆ ಬ್ಲೇಡು, ಬುಷ್, ಕೆಳಗಿನ ಕಪ್ಲರ್ ಅಂದರೆ ಜಾರನ್ನು ಮೋಟಾರಿಗೆ ಜೋಡಿಸುವ ಹಲ್ಲಿನ ಬಿಲ್ಲೆ. ಜಾರ್‌ನದು ಮಾತ್ರ ಹಾಕಿ ಮೋಟಾರಿನ ಮೇಲಿನ ಕಪ್ಲರ್ ಹಳೆಯದೇ ಬಿಟ್ಟರೆ ಅದರ ಸವೆದ ಹಲ್ಲು ಹೊಸದನ್ನೂ ಕೆಲವೇ ತಿಂಗಳಲ್ಲಿ ತಿಂದುಹಾಕುತ್ತದೆ. ಇದೆಂಥ ಉಡುಗೊರೆ ಅನ್ನಿಸಬಹುದು. ಕಲ್ಕಲ್, ರೋಸ್ ಕುಕ್ಕೀಸ್ ಥರದ ಕ್ರಿಸ್‌ಮಸ್ ತಿಂಡಿಗೆ ಹಿಟ್ಟು ಕಲಸುವ ವಾರದಲ್ಲಿ ಮಿಕ್ಸಿ ಸದ್ದಿಲ್ಲದೆ ತಿರುಗಿದರೆ ಅಮ್ಮನಿಗೆ ಆಗುವ ಸಮಾಧಾನ ಸೀರೆಯಲ್ಲೂ ಸಿಗುವುದಿಲ್ಲ. ಆದ್ದರಿಂದ ಇದನ್ನು 24ರ ರಾತ್ರಿಗೆ ಕಾಯಿಸದೆ ಡಿಸೆಂಬರ್ ಮೊದಲ ವಾರವೇ ಮುಗಿಸಿ.

ಚಪ್ಪಲಿಯೂ ಇದೇ ಸಾಲಿನದು, ಆದರೆ ಹೆಚ್ಚು ಜನ ತಪ್ಪುವುದು ಇಲ್ಲೇ. ಹಳೆಯದರ ನಂಬರು ನೋಡಿ ತರಬೇಡಿ. ಅದು ಕಾಲಿಗೆ ತಕ್ಕಂತೆ ಹಿಗ್ಗಿರುತ್ತದೆ, ವಯಸ್ಸಾದಂತೆ ಪಾದವೂ ಅಗಲವಾಗುತ್ತದೆ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿಕೊಂಡಿರುವಾಗ, ದಿನಪತ್ರಿಕೆಯ ಮೇಲೆ ನಿಲ್ಲಿಸಿ ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಿರಿ. ಎರಡೂ ಪಾದದ್ದು ಬೇಕು, ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ. ಕತ್ತರಿಸಿದ ಕಾಗದವನ್ನು ಅಂಗಡಿಯಲ್ಲಿ ಚಪ್ಪಲಿಯ ಮೇಲಿಟ್ಟಾಗ ಬೆರಳಿನ ತುದಿಯಿಂದ ಮುಂದೆ 1 ಸೆಂ.ಮೀ. ಉಳಿಯಬೇಕು, ಪಕ್ಕದಲ್ಲಿ ಕಾಗದ ಹೊರಗೆ ಚಾಚಬಾರದು. ಸಕ್ಕರೆ ಕಾಯಿಲೆ ಇದ್ದರೆ ಎಂ.ಸಿ.ಆರ್. ಅಂದರೆ ಮೆತ್ತನೆಯ ರಬ್ಬರಿನ ಅಟ್ಟೆ, ಹಿಂದೆ ಪಟ್ಟಿ ಇರುವುದನ್ನೇ ಆರಿಸಿ. ಪಟ್ಟಿ ಇಲ್ಲದ ಚಪ್ಪಲಿ ಜಾರದಂತೆ ಬೆರಳು ಬಿಗಿಹಿಡಿದು ನಡೆಯುತ್ತಾರೆ, ಸ್ಪರ್ಶ ಕಮ್ಮಿಯಾದ ಪಾದದಿಂದ ಅದು ಕಳಚಿ ಬಿದ್ದರೂ ಗೊತ್ತಾಗುವುದಿಲ್ಲ. ಪಟ್ಟಿಗೆ ಬಕಲ್ ಬೇಡ, ವೆಲ್ಕ್ರೊ ಇರಲಿ. ಬಗ್ಗಿ ಬಕಲ್ ಹಾಕುವಷ್ಟು ತಾಳ್ಮೆ ಯಾವ ಅಪ್ಪನಿಗೂ ಇಲ್ಲ, ಹಿಂದಿನ ಪಟ್ಟಿಯನ್ನು ತುಳಿದುಕೊಂಡೇ ಓಡಾಡುತ್ತಾರೆ.

ಅಪ್ಪನಿಗೆ ಪಂಚೆ, ಅಮ್ಮನಿಗೆ ಸೀರೆ ಅನ್ನುವವರಿಗೆ ಎರಡು ಮಾತು ಸಾಕು. ಲುಂಗಿಯಂತೆ ಸುತ್ತಿಕೊಳ್ಳುವವರಿಗೆ ನಾಲ್ಕು ಮೊಳ, ಮಡಿಚಿ ಎರಡು ಪದರ ಉಡುವವರಿಗೆ ಎಂಟು ಮೊಳ. ತಪ್ಪಿ ತಂದರೆ ಅದು ಹಬ್ಬದ ದಿನ ಮಂಚದ ಮೇಲೆ ಹಾಸಿರುತ್ತದೆ. ಸೀರೆಗೆ ಫಾಲ್, ಪಿಕೋ, ರವಿಕೆ ಇದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆಯೇ ತರುತ್ತೀರೆಂದರೆ ಅಪ್ಪಟ ರೇಷ್ಮೆ ಎನ್ನುವ ಸಿಲ್ಕ್ ಮಾರ್ಕ್ ಚೀಟಿ ನೋಡಿ, ನವೆಂಬರ್ ಕೊನೆಯೊಳಗೆ ಕೊಳ್ಳಿ. ಡಿಸೆಂಬರ್ 10 ದಾಟಿದ ಮೇಲೆ ಹಬ್ಬಕ್ಕೆ ರವಿಕೆ ಹೊಲಿದುಕೊಡುವ ದರ್ಜಿ ಸಿಕ್ಕರೆ ಅದೃಷ್ಟ. ಅಳತೆಗೆ ಬೀರುವಿನಲ್ಲಿರುವ ಒಳ್ಳೆಯ ರವಿಕೆ ಒಯ್ಯಬೇಡಿ, ಈಚೆಗೆ ದಿನಾ ತೊಡುತ್ತಿರುವುದನ್ನು ಒಯ್ಯಿರಿ. ಒಳ್ಳೆಯದು ಹತ್ತು ವರ್ಷದ ಹಿಂದಿನ ಮೈಯಳತೆಯದಾಗಿರುತ್ತದೆ. ಫಾಲ್ ಹಚ್ಚಿದ ಸೀರೆಯನ್ನು ಯಾರೂ ವಾಪಸ್ ಪಡೆಯುವುದಿಲ್ಲ, ಹಾಗಾಗಿ ಬಣ್ಣದ ಬಗ್ಗೆ ಅನುಮಾನವಿದ್ದರೆ ಫಾಲ್ ಹಚ್ಚಿಸದೆಯೇ ಕೊಟ್ಟುಬಿಡಿ.

ಜಾಗದ ‘ಬ್ಯಾಡ’ ನನಗೆ ಹೆಚ್ಚು ಇಷ್ಟದ್ದು, ಯಾಕೆಂದರೆ ಅದಕ್ಕೆ ಮನೆಯಲ್ಲಿರುವುದರಿಂದಲೇ ಉಡುಗೊರೆ ಮಾಡಬಹುದು. ಮೊದಲನೆಯದು ಕೌದಿ, ಅಂದರೆ ಹಳೆಯ ಬಟ್ಟೆಯನ್ನು ಪದರ ಪದರವಾಗಿ ಹೊಲಿದ ಹೊದಿಕೆ. ಅಮ್ಮನ ಹಳೆಯ ಹತ್ತಿ ಸೀರೆಗಳು ಟ್ರಂಕಿನಲ್ಲಿ ಸುಮ್ಮನೆ ಕೂತಿರುತ್ತವೆ. ಲೆಕ್ಕ ಹೀಗೆ: ಸೀರೆ ಸುಮಾರು 5.5 ಮೀಟರ್ ಉದ್ದ, 1.15 ಮೀಟರ್ ಅಗಲ. ಒಬ್ಬರು ಹೊದೆಯುವ ಕೌದಿ 1.5 ಮೀಟರ್ ಅಗಲ, 2.1 ಮೀಟರ್ ಉದ್ದ ಇದ್ದರೆ ಒಂದು ಸೀರೆಯಿಂದ ಹೆಚ್ಚುಕಡಿಮೆ ಎರಡು ಪದರ ಬರುತ್ತದೆ. ಮೂರು ಸೀರೆಗೆ ಆರು ಪದರ. ದಾವಣಗೆರೆ ಚಳಿಗೆ ಅಷ್ಟು ಸಾಕು, ತೂಕವೂ ಒಂದೂವರೆ ಕೆ.ಜಿ. ಆಸುಪಾಸಿನಲ್ಲೇ ನಿಲ್ಲುತ್ತದೆ. ಎಂಟು ಪದರ ಹಾಕಿಸಿದರೆ ಬೆಚ್ಚಗಿರುತ್ತದೆ ನಿಜ, ಒಗೆದು ಹಿಂಡಲು ಮಾತ್ರ ಇಬ್ಬರು ಬೇಕು.

ನೈಲಾನ್, ಪಾಲಿಯೆಸ್ಟರ್ ಸೀರೆ ಬೆರೆಸಬೇಡಿ. ಪದರ ಒಂದರ ಮೇಲೊಂದು ಜಾರಿ ಹೊಲಿಗೆ ಸೊಟ್ಟಗಾಗುತ್ತದೆ. ಜರಿ ಅಂಚು ಚುಚ್ಚುತ್ತದೆ, ಕತ್ತರಿಸಿ ತೆಗೆಯಿರಿ. ಫಾಲ್ ಬಿಚ್ಚಿ, ಎಲ್ಲವನ್ನೂ ಒಮ್ಮೆ ಬಿಸಿನೀರಲ್ಲಿ ಒಗೆದು ಒಣಗಿಸಿ ಕೊಡಿ. ಬಣ್ಣ ಬಿಡುವ ಸೀರೆ ಇದ್ದರೆ ಆಗಲೇ ಗೊತ್ತಾಗುತ್ತದೆ. ಬೆಳಕಿಗೆ ಹಿಡಿದಾಗ ನೂಲು ಎಳೆಎಳೆಯಾಗಿ ಕಾಣುವ ಭಾಗವನ್ನು ಒಳಪದರಕ್ಕೆ ಹಾಕಿಸಿ, ಗಟ್ಟಿ ಇರುವುದು ಮೇಲೆ, ಕೆಳಗೆ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ನಡುವಿಗೆ ಬರಬೇಕು, ಸಾಲಿಗೂ ಸಾಲಿಗೂ ಒಂದು ಬೆರಳಿನ ಅಂತರ. ಅಂತರ ಎರಡು ಬೆರಳಾದರೆ ಬೇಗ ಮುಗಿಯುತ್ತದೆ, ಮೂರ್ನಾಲ್ಕು ಒಗೆತಕ್ಕೆ ಒಳಗಿನ ಬಟ್ಟೆ ಮುದ್ದೆಯಾಗುತ್ತದೆ. ಕೈಹೊಲಿಗೆಗೆ ಮೂರು ವಾರ ಹಿಡಿಯಿರಿ, ನವೆಂಬರ್ ಮೊದಲ ವಾರವೇ ಹೊಲಿಯುವವರ ಕೈಗೆ ಬಟ್ಟೆ ಸೇರಬೇಕು. ಒಂದು ಎಚ್ಚರ: ಸೀರೆಯನ್ನು ಕೇಳದೆ ಕತ್ತರಿಸಬೇಡಿ. ನಿಮಗೆ ಹರಿದ ಸೀರೆ ಅನ್ನಿಸಿದ್ದು ಅವರಿಗೆ ತವರಿನದಾಗಿರಬಹುದು. ‘ಕೌದಿ ಹೊಲಿಸಬೇಕು, ಯಾವ ಮೂರು ಕೊಡ್ತಿ?’ ಅಂತ ನೇರವಾಗಿ ಕೇಳಿ. ಗುಟ್ಟು ಹೋಗುತ್ತದೆ, ಹೋಗಲಿ.

ಕೌದಿ ಬದಲು ಕಂಬಳಿ ಅನ್ನುವವರಿದ್ದಾರೆ. ಚಳ್ಳಕೆರೆ ಕಡೆಯ ಕುರಿಯುಣ್ಣೆಯ ಕರಿ ಕಂಬಳಿ ಹೊಸದರಲ್ಲಿ ರಟ್ಟಿನ ಹಾಗೆ ಬಿರುಸಾಗಿರುತ್ತದೆ. ನೇಯುವಾಗ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿರುತ್ತಾರೆ, ಅದರ ಬಿಗಿ ಅದು. ಬಳಸುತ್ತಾ ಹೋದಂತೆ ಮೆದುವಾಗುತ್ತದೆ, ಒಂದೆರಡು ದಿನ ಬಿಸಿಲಿಗೆ ಹಾಕಿದರೆ ವಾಸನೆಯೂ ಹೋಗುತ್ತದೆ. ಮೈಗೆ ಚುಚ್ಚುವುದು ಮಾತ್ರ ಪೂರ್ತಿ ಹೋಗುವುದಿಲ್ಲ, ಕೆಳಗೊಂದು ಹತ್ತಿ ದುಪ್ಪಟಿ ಬೇಕೇ ಬೇಕು. ಉಬ್ಬಸ ಇರುವವರಿಗೆ ತರಬೇಡಿ.

ಎರಡನೆಯದು ಹಳೆಯ ಫೋಟೊ. ಸ್ಟುಡಿಯೋಗೆ ಕೊಟ್ಟರೆ ಕೆಲಸ ಸುಲಭ, ಆದರೆ ಹೇಳಿ ಮಾಡಿಸಬೇಕು: ಸ್ಕ್ಯಾನ್ 600 ಡಿ.ಪಿ.ಐ.ನಲ್ಲಿ, ಅಂದರೆ ಅಂಗುಲಕ್ಕೆ 600 ಚುಕ್ಕೆಯಂತೆ ಇರಲಿ. 6×4 ಅಂಗುಲ ಪ್ರಿಂಟ್ ಚೆನ್ನಾಗಿ ಬರಲು 1800×1200 ಪಿಕ್ಸೆಲ್ ಬೇಕು, ಗೋಡೆಗೆ ಹಾಕುವ 10×8 ಅಂಗುಲಕ್ಕೆ 3000×2400. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಕುಗ್ಗಿ ಬರುತ್ತದೆ, ದೊಡ್ಡದು ಮಾಡಿದಾಗ ಮುಖ ಮಸುಕು. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಒಯ್ಯಿರಿ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೊವನ್ನು ಎಳೆಯಲೇಬೇಡಿ, ಮುಖ ಗಾಜಿನಲ್ಲೇ ಉಳಿದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಅಂಟು ಹಾಳೆಯ ಆಲ್ಬಮ್‌ನಿಂದ ಬಿಡಿಸಲು ಹೊಲಿಗೆ ದಾರವನ್ನು ಫೋಟೊ ಕೆಳಗೆ ತೂರಿಸಿ ಗರಗಸದಂತೆ ನಿಧಾನವಾಗಿ ಆಡಿಸಿ. ಪ್ರಿಂಟು ಮ್ಯಾಟ್ ಇರಲಿ, ಹೊಳೆಯುವುದರಲ್ಲಿ ಟ್ಯೂಬ್‌ಲೈಟ್ ಬಿಟ್ಟು ಬೇರೇನೂ ಕಾಣುವುದಿಲ್ಲ. ನಲವತ್ತು ಫೋಟೊ ಸಾಕು. ನೂರಿದ್ದರೆ ಆಲ್ಬಮ್ ಭಾರವಾಗಿ ಮಡಿಲಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ. ಜೊತೆಗೆ ಪೆನ್ಸಿಲ್ ಇಡಿ. ಯಾರು, ಯಾವ ಮದುವೆ, ಯಾವ ವರ್ಷ ಎಂದು ಅವರ ಕೈಯಲ್ಲೇ ಹಿಂದೆ ಬರೆಸಿ. ಬಾಲ್‌ಪೆನ್ ಒತ್ತಿದರೆ ಗೀರು ಮುಂದೆ ಮೂಡುತ್ತದೆ.

ದೊಡ್ಡಕ್ಷರದ ಬೈಬಲ್ ಕೊಡುವವರು ಕೊಳ್ಳುವ ಮುಂಚೆ ಪರಿವಿಡಿ ನೋಡಿ. ಕಥೋಲಿಕರದ್ದರಲ್ಲಿ 73 ಪುಸ್ತಕ, ಪ್ರಾಟೆಸ್ಟೆಂಟರದ್ದರಲ್ಲಿ 66. ಬೇರೆಯದು ಕೈಗೆ ಬಂದರೆ ಹೆತ್ತವರು ಗೌರವದಿಂದ ಇಟ್ಟುಕೊಳ್ಳುತ್ತಾರೆ, ಓದುವುದು ಮಾತ್ರ ಹಳೆಯದನ್ನೇ.

ಇನ್ನು ಬಾಯಿಬಿಟ್ಟು ಹೇಳದ ‘ಬ್ಯಾಡ’. ಇದರಲ್ಲಿ ವಸ್ತು ಕಾಲುಭಾಗ, ಅದನ್ನು ಬಳಕೆಗೆ ತಂದುಕೊಡುವುದು ಮುಕ್ಕಾಲುಭಾಗ. ಬಿ.ಪಿ. ನೋಡುವ ಯಂತ್ರವನ್ನೇ ತೆಗೆದುಕೊಳ್ಳಿ. ಮಣಿಕಟ್ಟಿಗೆ ಕಟ್ಟುವುದಕ್ಕಿಂತ ತೋಳಿಗೆ ಕಟ್ಟುವುದು ನಂಬಿಕಸ್ತ. ದರ್ಜಿಯ ಟೇಪಿನಿಂದ ಭುಜಕ್ಕೂ ಮೊಣಕೈಗೂ ನಡುವೆ ತೋಳಿನ ಸುತ್ತಳತೆ ತೆಗೆಯಿರಿ. ಸಾಮಾನ್ಯವಾಗಿ ಜೊತೆಗೆ ಬರುವ ಪಟ್ಟಿ 22ರಿಂದ 32 ಸೆಂ.ಮೀ. ತೋಳಿಗೆ. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಇಲ್ಲದ ಬಿ.ಪಿ. ತೋರಿಸುತ್ತದೆ, ಮನೆಯೆಲ್ಲ ಗಾಬರಿ. ದೊಡ್ಡ ಪಟ್ಟಿ ಬೇರೆ ಸಿಗುತ್ತದೆ. ಸೆಲ್ ಹಾಕಿ, ದಿನಾಂಕ ಹೊಂದಿಸಿ, ನೀವೇ ನಾಲ್ಕು ದಿನ ಬಳಸಿ ನೋಡಿ ಕೊಡಿ. ಒತ್ತಬೇಕಾದ ಒಂದೇ ಬಟನ್‌ಗೆ ಕೆಂಪು ಉಗುರುಬಣ್ಣದ ಚುಕ್ಕೆ ಇಡಿ. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಡಬ್ಬಿಗೆ ಅಂಟಿಸಿ: 5 ನಿಮಿಷ ಕೂತಿರಿ, ಬೆನ್ನು ಆನಿಸಿ, ಪಾದ ನೆಲಕ್ಕೆ, ತೋಳು ಎದೆಮಟ್ಟಕ್ಕೆ, ಮಾತಾಡಬೇಡಿ, ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಮೊದಲ ಸಲ ಡಾಕ್ಟರ ಬಳಿ ಒಯ್ದು ಅವರ ಯಂತ್ರದ ಜೊತೆ ಹೋಲಿಸಿ. ಅಂಕಿ ನೋಡಿ ಮಾತ್ರೆ ಹೆಚ್ಚು-ಕಮ್ಮಿ ಮಾಡುವುದು ಡಾಕ್ಟರ ಕೆಲಸವೆಂದು ರಟ್ಟಿನ ಕೊನೆಗೆ ಬರೆಯಲು ಮರೆಯಬೇಡಿ.

ಬಚ್ಚಲಿಗೆ ಹಿಡಿಕೆ ಇದಕ್ಕಿಂತ ಉಪಯೋಗ, ಆದರೆ ‘ನಾವೇನ್ ಅಷ್ಟ್ ಮುದುಕ್ರಾ?’ ಅನ್ನುವ ಮಾತು ಕೇಳಲು ತಯಾರಿರಿ. ಟವೆಲ್ ಹಾಕೋಕೆ ಅಂತ ಹೇಳಿ ಹಾಕಿಸುವುದು ನನ್ನ ದಾರಿ. ಗಾಳಿ ಹಿಡಿತದಲ್ಲಿ ಅಂಟುವ ಪ್ಲಾಸ್ಟಿಕ್ಕಿನದು ಬೇಡ, ಒದ್ದೆ ಟೈಲ್ಸಿನಿಂದ ಯಾವಾಗ ಕಳಚುತ್ತದೆಂದು ಹೇಳಲಾಗದು. 304 ಸ್ಟೀಲಿನ, 32 ಮಿ.ಮೀ. ದಪ್ಪದ, 45 ಸೆಂ.ಮೀ. ಉದ್ದದ್ದು ತನ್ನಿ, ನೆಲದಿಂದ 80–90 ಸೆಂ.ಮೀ. ಎತ್ತರಕ್ಕೆ. ಪ್ಲಂಬರ್‌ಗೆ ಎರಡು ಮಾತು ಹೇಳಿ: ಟೈಲ್ಸ್ ತೂತಾಗುವ ತನಕ ಡ್ರಿಲ್ಲಿನ ಹ್ಯಾಮರ್ ಬಂದ್ ಇರಲಿ, ಇಲ್ಲದಿದ್ದರೆ ಟೈಲ್ಸ್ ಸೀಳುತ್ತದೆ, ಸ್ಕ್ರೂ 65 ಮಿ.ಮೀ.ಗೆ ಕಮ್ಮಿ ಬೇಡ. ಡಬ್ಬಿಯ ಜೊತೆ ಬರುವ ಗಿಡ್ಡ ಸ್ಕ್ರೂ ಟೈಲ್ಸ್ ಮತ್ತು ಗಾರೆಯಲ್ಲೇ ಮುಗಿದುಹೋಗುತ್ತದೆ, ಇಟ್ಟಿಗೆ ಮುಟ್ಟುವುದೇ ಇಲ್ಲ. ಹಾಕಿಸಿದ ಮೇಲೆ ನೀವೇ ಜೋತುಬಿದ್ದು ನೋಡಿ.

ವಸ್ತುವೇ ಬೇಡ ಅನ್ನುವವರಿಗೆ ಪ್ರಯಾಣ ಇದೆ. ಹರಿಹರದ ಆರೋಗ್ಯಮಾತೆಯ ಚರ್ಚಿಗೆ ಅವರೇ ಬಸ್ ಹತ್ತಿ ಹೋಗಿಬರುತ್ತಾರೆ, ತಮಿಳುನಾಡಿನ ವೇಲಾಂಕಣಿಗೆ ಮಕ್ಕಳು ಟಿಕೆಟ್ ಮಾಡಿಸಬೇಕು. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಜನವರಿ ಕೊನೆಗೆ ಹೊರಡುವುದಾದರೆ ನವೆಂಬರ್ ಕೊನೆಗೇ ಮಾಡಿಸಿ, ಚೀಟಿಯನ್ನು ಗೋದಲಿ ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಗಳ ಪಕ್ಕ ಇಡಬಹುದು. ಗಂಡಸರಿಗೆ 60, ಹೆಂಗಸರಿಗೆ 45 ದಾಟಿದ್ದರೆ ಕೆಳ ಬರ್ತ್‌ನ ಕೋಟಾ ಇದೆ. ಅವರಿಬ್ಬರದೇ ಬೇರೆ ಟಿಕೆಟ್ ಮಾಡಿಸಿ. ಇಡೀ ಕುಟುಂಬವನ್ನು ಒಂದೇ ಟಿಕೆಟ್‌ಗೆ ಸೇರಿಸಿದರೆ ಆ ಕೋಟಾ ಸಿಗುವುದಿಲ್ಲ, ಅಪ್ಪ ಮೇಲಿನ ಬರ್ತ್ ಹತ್ತುವ ಪರಿಸ್ಥಿತಿ.

ಕೊನೆಗೆ ಬೆಲೆ. ‘ಎಷ್ಟ್ ಕೊಟ್ಟಿ?’ ಅಂತ ಕೇಳೇ ಕೇಳುತ್ತಾರೆ. ಅರ್ಧ ಹೇಳುವುದು ರೂಢಿ, ಆದರೆ ಪಕ್ಕದ ಮನೆಯವರು ‘ನಮಗೂ ಅದೇ ರೇಟಿಗೆ ಎರಡು ತಂದುಕೊಡಿ’ ಅಂದಾಗ ಸಿಕ್ಕಿಬೀಳುತ್ತೀರಿ. ಬೆಲೆಚೀಟಿ ಕಿತ್ತು, ಬಿಲ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಬದಲಾಯಿಸುವ ಕೊನೆ ದಿನ ಯಾವುದೆಂದು ಅಂಗಡಿಯವರಿಂದ ಬಿಲ್ ಮೇಲೇ ಬರೆಸಿ. ಹಳೆಯ ಚಪ್ಪಲಿ, ಹಳೆಯ ಹೊದಿಕೆಯನ್ನು ಹಬ್ಬದ ದಿನವೇ ಎಸೆಯಬೇಡಿ. ಹೊಸದರ ಪಕ್ಕದಲ್ಲೇ ಇರಲಿ. ಹೊಸದು ಕಾಲಿಗೆ ಹತ್ತಿದ ಮೇಲೆ ಹಳೆಯದನ್ನು ಅವರೇ ಹಿತ್ತಲಿಗೆ ಒಯ್ಯುತ್ತಾರೆ, ಬಹಳ ಮಾಡಿ ಜನವರಿ ಕೊನೆಗೆ.