ಕೊಪ್ಪಳದವನೊಬ್ಬ ಡೈವ್ ಕಂಪ್ಯೂಟರ್ ಕೊಂಡಾಗ ನೋಡಿದ್ದೇನು?

ಸ್ಕೂಬಾ ಡೈವಿಂಗ್ ಕಲಿತವರು ಸ್ವಂತಕ್ಕೆ ಮೊದಲು ಕೊಳ್ಳಬೇಕಾದದ್ದು ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್. ಅದಾದ ಮೇಲೆ ಕೈಗೆ ಕಟ್ಟುವ ಡೈವ್ ಕಂಪ್ಯೂಟರ್. ಗಾಳಿಯ ಸಿಲಿಂಡರ್, ಅದರಿಂದ ಉಸಿರಾಡಲು ರೆಗ್ಯುಲೇಟರ್, ಜಾಕೆಟ್, ವೆಟ್‌ಸೂಟ್ ಎಲ್ಲಾ ಬಾಡಿಗೆಗೆ ಸಿಗುತ್ತವೆ, ವರ್ಷಕ್ಕೆ ಒಂದೋ ಎರಡೋ ಸಲ ಸಮುದ್ರಕ್ಕೆ ಹೋಗುವ ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರು ಅವನ್ನೆಲ್ಲ ಕೊಂಡು ಅಟ್ಟದ ಮೇಲೆ ಇಡುವುದರಲ್ಲಿ ಅರ್ಥವಿಲ್ಲ. ಕಂಪ್ಯೂಟರ್ ಹಾಗಲ್ಲ. ಅದು ನಿಮ್ಮ ಮೈಯಲ್ಲಿ ಎಷ್ಟು ನೈಟ್ರೋಜನ್ ಸೇರಿದೆ ಅಂತ ಲೆಕ್ಕ ಇಡುತ್ತದೆ. ಬಾಡಿಗೆ ಕಂಪ್ಯೂಟರಿನಲ್ಲಿ ನಿನ್ನೆ ಡೈವ್ ಮಾಡಿದ ಯಾರದೋ ಲೆಕ್ಕ ಉಳಿದಿರಬಹುದು. ಬೆಳಿಗ್ಗೆಯ ಡೈವಿಗೆ ಒಂದು, ಮಧ್ಯಾಹ್ನದ್ದಕ್ಕೆ ಇನ್ನೊಂದು ಕೈಗೆ ಬಂದರೆ ಎರಡನೆಯದಕ್ಕೆ ನಿಮ್ಮ ಬೆಳಗಿನ ಡೈವ್ ಗೊತ್ತೇ ಇರುವುದಿಲ್ಲ. ಗೆಳೆಯನ ಜೊತೆ ಹಂಚಿಕೊಳ್ಳುವುದೂ ಇದೇ ಕಾರಣಕ್ಕೆ ಸರಿಯಲ್ಲ. ಅವನು ನಿಮಗಿಂತ 3 ಮೀಟರ್ ಕೆಳಗಿದ್ದರೆ ಅವನ ಲೆಕ್ಕವೇ ಬೇರೆ.

ಲೆಕ್ಕ ಯಾಕೆ ಬೇಕು? ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದ ಹಾಗೆ ಒತ್ತಡ ಸುಮಾರು 1 ಬಾರ್, ಅಂದರೆ ದಡದಲ್ಲಿ ಇರುವ ಗಾಳಿಯ ಒತ್ತಡದಷ್ಟು, ಜಾಸ್ತಿ ಆಗುತ್ತದೆ. ಆ ಒತ್ತಡದಲ್ಲಿ ಉಸಿರಾಡುವ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಮಾಂಸದಲ್ಲಿ, ಕೊಬ್ಬಿನಲ್ಲಿ ಕರಗುತ್ತಾ ಹೋಗುತ್ತದೆ. ನಿಧಾನಕ್ಕೆ ಮೇಲೆ ಬಂದರೆ ಉಸಿರಿನ ಜೊತೆ ಹೊರಗೆ ಹೋಗುತ್ತದೆ. ಗಡಿಬಿಡಿಯಲ್ಲಿ ಬಂದರೆ ಗೋಲಿ ಸೋಡಾದ ಗೋಲಿ ಒತ್ತಿದಾಗ ಏಳುತ್ತವಲ್ಲ, ಹಾಗೆ ಮೈಯೊಳಗೇ ಗುಳ್ಳೆ ಏಳುತ್ತದೆ. ಕೀಲು ನೋವು, ಜೋಮು, ಜಾಸ್ತಿಯಾದರೆ ಕೈಕಾಲು ಬೀಳುವವರೆಗೂ ಹೋಗಬಹುದು. ಅದಕ್ಕೆ ಚಿಕಿತ್ಸೆ ಒತ್ತಡದ ಚೇಂಬರಿನಲ್ಲಿ ಆಗಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವಂಥದ್ದಲ್ಲ.

ಮೊದಲು ಈ ಲೆಕ್ಕಕ್ಕೆ ಟೇಬಲ್, ಅಂದರೆ ಯಾವ ಆಳದಲ್ಲಿ ಎಷ್ಟು ನಿಮಿಷ ಅನ್ನುವ ಪಟ್ಟಿ ಇತ್ತು, ಈಗಲೂ ಇದೆ. ಡೈವಿಂಗ್ ಕಲಿಸುವ ಪ್ಯಾಡಿ ಸಂಸ್ಥೆಯ ಟೇಬಲ್ ಪ್ರಕಾರ ಮೊದಲ ಡೈವಿನಲ್ಲಿ 18 ಮೀಟರ್ ಆಳದಲ್ಲಿ 56 ನಿಮಿಷ, 30 ಮೀಟರಿನಲ್ಲಿ ಬರೀ 20 ನಿಮಿಷ ಇರಬಹುದು. ಆದರೆ ಟೇಬಲ್ ನೀವು ಇಡೀ ಹೊತ್ತು ತಳದಲ್ಲೇ ಇದ್ದಿರಿ ಅಂತ ಲೆಕ್ಕ ಹಾಕುತ್ತದೆ. ನಾವು ಡೈವ್ ಮಾಡುವ, ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಹಾಗೆ ಯಾರೂ ಇರುವುದಿಲ್ಲ. ಬಂಡೆ ಬುಡದಲ್ಲಿ ಸ್ವಲ್ಪ ಹೊತ್ತು, ಆಮೇಲೆ ಬಂಡೆ ಹಿಡಿದು ಮೇಲೆ ಮೇಲೆ ಬರುತ್ತಾ ಮೀನು ನೋಡುವುದು. ಕಂಪ್ಯೂಟರ್ ಕೆಲವು ಸೆಕೆಂಡಿಗೊಮ್ಮೆ ಆಳ ಅಳೆದು, ಈ ಆಳದಲ್ಲಿ ಇನ್ನೂ ಎಷ್ಟು ನಿಮಿಷ ಇರಬಹುದು ಅಂತ ಹೊಸದಾಗಿ ತೋರಿಸುತ್ತದೆ. ಮೇಲೆ ಬಂದ ಹಾಗೆ ನಿಮಿಷ ಹೆಚ್ಚುತ್ತದೆ.

ಒಳ್ಳೆಯ ವಾಟರ್‌ಪ್ರೂಫ್ ವಾಚ್ ಸಾಕಲ್ವಾ ಅಂತ ನಮ್ಮ ಕಡೆ ಸುಮಾರು ಜನ ಕೇಳುತ್ತಾರೆ. ಸಾಲದು. ವಾಚಿನ ಹಿಂದೆ 50 ಮೀಟರ್ ಅಂತ ಬರೆದಿದ್ದರೆ ಅದನ್ನು ಕಟ್ಟಿಕೊಂಡು 50 ಮೀಟರ್ ಇಳಿಯಬಹುದು ಅಂತ ಅರ್ಥವಲ್ಲ, ಕೈ ತೊಳೆಯಲು, ಮೇಲೆ ಮೇಲೆ ಈಜಲು ಅಡ್ಡಿಯಿಲ್ಲ ಅಂತಷ್ಟೇ ತಿಳಿಯಿರಿ. ನಿಜವಾದ ಡೈವರ್ಸ್ ವಾಚಿಗೆ ಐಎಸ್‌ಒ 6425 ಅಂತ ಮಾನದಂಡವಿದೆ. ಕನಿಷ್ಠ 100 ಮೀಟರ್ ತಡೆಯಬೇಕು, ಕತ್ತಲಲ್ಲೂ ಓದಲು ಬರಬೇಕು. ಅಂಥ ವಾಚುಗಳ ಹೊರ ಉಂಗುರ ಒಂದೇ ಕಡೆ ತಿರುಗುತ್ತದೆ. ಕೈ ತಾಗಿ ತಿರುಗಿದರೂ ಕಳೆದ ಹೊತ್ತು ಜಾಸ್ತಿ ಕಾಣಬೇಕೇ ಹೊರತು ಕಮ್ಮಿ ಕಾಣಬಾರದು ಅಂತ ಹಾಗೆ ಮಾಡಿದ್ದಾರೆ, ಎಷ್ಟು ಚೆಂದದ ಯೋಚನೆ ನೋಡಿ. ಆದರೂ ಅದು ಹೇಳುವುದು ಹೊತ್ತು ಮಾತ್ರ. ಆಳ ಹೇಳುವುದಿಲ್ಲ, ನೈಟ್ರೋಜನ್ ಅಂತೂ ಇಲ್ಲವೇ ಇಲ್ಲ. ಸಾಮಾನ್ಯ ಸ್ಮಾರ್ಟ್‌ವಾಚುಗಳದ್ದೂ ಇದೇ ಕಥೆ. ಆಪಲ್ ವಾಚ್ ಅಲ್ಟ್ರಾ ಬೇರೆ, ಅದು 40 ಮೀಟರ್‌ವರೆಗೆ ಆಳ ಅಳೆಯುತ್ತದೆ, ಓಷಿಯಾನಿಕ್ ಪ್ಲಸ್ ಅನ್ನುವ ಆ್ಯಪ್ ಹಾಕಿದರೆ ಡೈವ್ ಕಂಪ್ಯೂಟರೇ ಆಗುತ್ತದೆ. ಈಗಾಗಲೇ ಕೈಯಲ್ಲಿದ್ದರೆ ಸರಿ. ಡೈವಿಂಗಿಗೆ ಅಂತಲೇ ಅಷ್ಟು ದುಡ್ಡು ಹಾಕಬೇಡಿ.

ನಾನು ಆರಿಸಿದ್ದು ಹೇಗೆ ಅಂದರೆ, ಮೊದಲು ನೋಡಿದ್ದು ಅಂಕಿಯ ಗಾತ್ರ. ನನಗೆ ಚಾಳೀಸು ಬಂದಿದೆ, ಪೇಪರ್ ಓದಲು ಕನ್ನಡಕ ಬೇಕು. ನೀರಿನೊಳಗೆ ವಸ್ತುಗಳು ಸ್ವಲ್ಪ ಹತ್ತಿರ, ಸ್ವಲ್ಪ ದೊಡ್ಡದಾಗಿ ಕಾಣುತ್ತವೆ, ಅದರಿಂದ ಕೊಂಚ ಅನುಕೂಲ ಆಗುತ್ತದೆ ನಿಜ, ಆದರೆ ಮಾಸ್ಕ್ ಮಸುಕಾದಾಗ, ನೀರು ಕಲಕಿದಾಗ ಸಣ್ಣ ಅಂಕಿ ಕಾಣುವುದಿಲ್ಲ. ಕೊಪ್ಪಳದಲ್ಲಿ ಕೂತು ಇದನ್ನು ನೋಡಲು ಅಂಗಡಿ ಇಲ್ಲ. ಹಾಗಾಗಿ ಮುರುಡೇಶ್ವರದಲ್ಲಿ ಬೋಟಿನಲ್ಲಿ ಜೊತೆಗಿದ್ದವರ ಕೈಗಳನ್ನೇ ನೋಡಿದೆ. ದಡದಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್, ಹೋಗುವಾಗ ಬೇಕಾದಷ್ಟು ಹೊತ್ತು ಸಿಗುತ್ತದೆ. "ಸಾರ್, ಸ್ವಲ್ಪ ತೋರಿಸ್ತೀರಾ" ಅಂದರೆ ಯಾರೂ ಬೇಡ ಅನ್ನಲಿಲ್ಲ, ಬದಲಿಗೆ ಬಿಚ್ಚಿ ಕೈಗೇ ಕೊಟ್ಟರು. ಕನ್ನಡಕ ತೆಗೆದು, ಕೈ ಚಾಚಿ, ಬಿಸಿಲಿಗೆ ಹಿಡಿದು ಓದಲು ಬರುತ್ತದಾ ನೋಡಿದೆ. ವಾಚ್ ಗಾತ್ರದವು ದಿನವೂ ಕಟ್ಟಿಕೊಳ್ಳಲು ಚೆನ್ನ, ಆದರೆ ಅವುಗಳಲ್ಲಿ ಆಳದ ಅಂಕಿ ದೊಡ್ಡದು, ಉಳಿದ ನಿಮಿಷದ ಅಂಕಿ ಸಣ್ಣದು. ನನಗೆ ಡಬ್ಬಿಯ ಹಾಗಿರುವ ದಪ್ಪನೆಯವೇ ಸರಿ ಅನ್ನಿಸಿತು. ಬಣ್ಣದ ಪರದೆಯವು, ಶಿಯರ್‌ವಾಟರ್ ಪೆರಿಗ್ರಿನ್ ತರಹದವು, ಓದಲು ಇನ್ನೂ ಸುಲಭ. ಬೆಲೆ ಮಾತ್ರ ಎಷ್ಟೋ ಪಾಲು ಜಾಸ್ತಿ.

ಕೊನೆಗೆ ಉಳಿದದ್ದು ಮೂರು. ಕ್ರೆಸ್ಸಿ ಲಿಯೊನಾರ್ಡೊ, ಮಾರೆಸ್ ಪಕ್ ಪ್ರೊ, ಸೂಂಟೊ ಜೂಪ್ ನೋವೊ. ನಾನು ವಿಚಾರಿಸಿದಾಗ ಈ ವರ್ಗದವು 20ರಿಂದ 30 ಸಾವಿರ ರೂಪಾಯಿ ಒಳಗೆ ಇದ್ದವು. ಮೂರೂ ಮಾಡುವ ಕೆಲಸ ಹೆಚ್ಚುಕಮ್ಮಿ ಒಂದೇ. ಒಂದೊಂದು ಕಂಪನಿಯ ಲೆಕ್ಕದ ಸೂತ್ರ ಬೇರೆ, ಒಂದು ಸ್ವಲ್ಪ ಬಿಗಿ, ಒಂದು ಸ್ವಲ್ಪ ಸಡಿಲ. ನೇತ್ರಾಣಿಯಲ್ಲಿ ನಾವು ಹೋಗುವ ಆಳಕ್ಕೆ ಆ ವ್ಯತ್ಯಾಸ ದೊಡ್ಡದಲ್ಲ, ನಿಮಿಷ ಮುಗಿಯುವ ಮುಂಚೆ ಸಿಲಿಂಡರಿನ ಗಾಳಿಯೇ ಮುಗಿಯುತ್ತದೆ. ಹಾಗಾಗಿ ಸೂತ್ರದ ಬಗ್ಗೆ ತಲೆ ಕೆಡಿಸಿಕೊಳ್ಳುವ ಬದಲು ಗುಂಡಿ ನೋಡಿದೆ. ಜೂಪ್‌ನಲ್ಲಿ ನಾಲ್ಕು ಗುಂಡಿ, ಉಳಿದೆರಡರಲ್ಲಿ ಒಂದೊಂದೇ. ಅಪರೂಪಕ್ಕೆ ಬಳಸುವವರಿಗೆ ಒಂದೇ ಗುಂಡಿ ನೆನಪಿಟ್ಟುಕೊಳ್ಳುವುದು ಸುಲಭ. ಪಕ್ ಪ್ರೊ ತೆಗೆದುಕೊಂಡೆ. ಗುಂಡಿ ಒತ್ತಿದರೆ ಮುಂದಕ್ಕೆ, ಒತ್ತಿ ಹಿಡಿದರೆ ಒಳಕ್ಕೆ, ಅಷ್ಟೇ.

ಸಿಲಿಂಡರಿನ ಗಾಳಿಯನ್ನೂ ಕೈಮೇಲೆ ತೋರಿಸುವ ಟ್ರಾನ್ಸ್‌ಮಿಟರ್ ಇರುವ ಮಾದರಿ ಬೇಡ ಅಂತ ಮೊದಲೇ ನಿರ್ಧರಿಸಿದ್ದೆ. ಬಾಡಿಗೆ ರೆಗ್ಯುಲೇಟರಿನಲ್ಲಿ ಗಾಳಿಯ ಮೀಟರ್ ಇದ್ದೇ ಇರುತ್ತದೆ. ನೈಟ್ರಾಕ್ಸ್, ಅಂದರೆ ಆಮ್ಲಜನಕ ಜಾಸ್ತಿ ಇರುವ ಗಾಳಿಯ ಲೆಕ್ಕ, ಈಗ ಹೆಚ್ಚುಕಮ್ಮಿ ಎಲ್ಲದರಲ್ಲೂ ಇದೆ.

ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಕೊಂಡ ಕೂಡಲೇ ಸಮುದ್ರಕ್ಕೆ ಒಯ್ಯಬೇಡಿ, ಊರಲ್ಲೇ ಪರೀಕ್ಷೆ ಮಾಡಿ. ನಾನು ಮಾಡಿದ್ದು ನಮ್ಮ ಸೋದರಮಾವನ ಹೊಲದ ಬಾವಿಯಲ್ಲಿ. ಮಳೆಗಾಲ ಮುಗಿಯುತ್ತಾ ಬಂದಿತ್ತು, ಬಾವಿ ತುಂಬಿತ್ತು. ಈರುಳ್ಳಿ ಕಟ್ಟುವ ಬಲೆ ಚೀಲದಲ್ಲಿ ಕಂಪ್ಯೂಟರ್, ಜೊತೆಗೆ ಮುಳುಗಲಿ ಅಂತ ಒಂದು ಕಲ್ಲು. ಹಗ್ಗಕ್ಕೆ ಅಳತೆ ಟೇಪ್ ಹಿಡಿದು ಮೀಟರಿಗೊಂದು ಗಂಟು. "ಏನಪಾ, ಬಾವ್ಯಾಗ ಮೊಬೈಲ್ ಬಿತ್ತೇನು?" ಅಂತ ಮಾವ ಓಡಿ ಬಂದರು. "ಇಲ್ಲ ಮಾವ, ಇದು ಆಳ ಅಳಿಯೋ ಗಡಿಯಾರ" ಅಂದೆ. ಎಂಟನೇ ಗಂಟು ನೀರಿಗೆ ಮುಟ್ಟುವವರೆಗೆ ಇಳಿಸಿ, ಸ್ವಲ್ಪ ಹೊತ್ತು ಹಿಡಿದು, ನಿಧಾನಕ್ಕೆ ಎತ್ತಿ ನೋಡಿದರೆ ಅತಿ ಹೆಚ್ಚಿನ ಆಳ 8 ಮೀಟರಿಗೆ ತುಸು ಕಮ್ಮಿ ಇತ್ತು. ಅದು ಸರಿಯೇ. ಕಂಪ್ಯೂಟರ್ ಅಳೆಯುವುದು ಒತ್ತಡವನ್ನು, ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಸುಮಾರು 3ರಷ್ಟು ಭಾರ, ಸೆಟ್ಟಿಂಗ್ ಸಮುದ್ರಕ್ಕೆ ಇತ್ತು. ಸಿಹಿನೀರಿಗೆ ಬದಲಿಸಿ ಮತ್ತೆ ಇಳಿಸಿದಾಗ ಹಗ್ಗ, ಅಂಕಿ ಎರಡೂ ಒಂದಾದವು.

ಆಮೇಲೆ ಮಾವನ ಕೈಗೇ ಹಗ್ಗ ಕೊಟ್ಟು, ಕೊಡ ಸೇದುವ ಹಾಗೆ ಜೋರಾಗಿ ಎಳೆಯಿರಿ ಅಂದೆ. ಮೇಲೆ ಬರುತ್ತಿದ್ದ ಹಾಗೇ ಕೀಂ ಕೀಂ ಅಂತ ಶುರುವಾಯಿತು. ಅದು ವೇಗವಾಗಿ ಮೇಲೇರುತ್ತಿದ್ದೀರಿ ಅನ್ನುವ ಎಚ್ಚರಿಕೆ. ಇದರಲ್ಲಿ ಮಿತಿ ನಿಮಿಷಕ್ಕೆ 10 ಮೀಟರ್. ನೀರಿನಡಿಯಲ್ಲಿ ಮೊದಲ ಸಲ ಆ ಸದ್ದು ಕೇಳಿದರೆ ಯಾರಿಗಾದರೂ ಗಾಬರಿ ಆಗುತ್ತದೆ, ಬಾವಿ ದಂಡೆಯಲ್ಲಿ ಕೇಳಿ ಪರಿಚಯ ಮಾಡಿಕೊಂಡರೆ ಆಗುವುದಿಲ್ಲ. ಆದರೆ ಈ ಪರೀಕ್ಷೆಯನ್ನು ಸಮುದ್ರಕ್ಕೆ ಹೋಗುವ ಹಿಂದಿನ ದಿನ ಮಾಡಬೇಡಿ. ಬಾವಿಗೆ ಇಳಿದದ್ದು ನೀವೇ ಅಂತ ಅದು ತಿಳಿದುಕೊಂಡಿರುತ್ತದೆ. ವಾರ ಮೊದಲೇ ಮುಗಿಸಿ, ಸೆಟ್ಟಿಂಗನ್ನು ಉಪ್ಪುನೀರಿಗೆ ವಾಪಸ್ ತಿರುಗಿಸಿ.

ಇನ್ನು ಎತ್ತರದ ವಿಷಯ. ಎತ್ತರಕ್ಕೆ ಹೋದ ಹಾಗೆ ಗಾಳಿಯ ಒತ್ತಡ ಕಮ್ಮಿ ಆಗುತ್ತದೆ, ಮೈಯೊಳಗೆ ಗುಳ್ಳೆ ಏಳುವ ಭಯ ಜಾಸ್ತಿ. ಡೈವಿಂಗ್ ಪುಸ್ತಕಗಳನ್ನು ಸಮುದ್ರದ ದಂಡೆಯವರಿಗೆ ಬರೆದ ಹಾಗಿರುತ್ತದೆ, ನಮಗೆ ಇದು ತುಂಬಾ ಮುಖ್ಯ. ತುಂಗಭದ್ರಾ ಡ್ಯಾಂ ತುಂಬಿದ ಮಟ್ಟ 1633 ಅಡಿ ಅಂತ ನಮ್ಮ ಮೂರೂ ಜಿಲ್ಲೆಯ ರೈತರಿಗೆ ಬಾಯಿಪಾಠ, ಮಳೆಗಾಲದಲ್ಲಿ ದಿನಾ ಪೇಪರಿನಲ್ಲಿ ನೋಡುತ್ತೇವೆ. ಅದು ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ ಎತ್ತರ, ಸುಮಾರು 498 ಮೀಟರ್. ಪ್ಯಾಡಿಯವರು 300 ಮೀಟರಿಗಿಂತ ಮೇಲೆ ಮಾಡಿದ ಡೈವನ್ನೇ ಎತ್ತರದ ಡೈವ್ ಅನ್ನುತ್ತಾರೆ. ಕೆಲವು ಕಂಪ್ಯೂಟರ್ ಎತ್ತರವನ್ನು ತಾವೇ ಗುರುತಿಸುತ್ತವೆ, ಕೆಲವಕ್ಕೆ ನಾವೇ ಹೇಳಬೇಕು. ಜೂಪ್‌ನಲ್ಲಿ 300 ಮೀಟರ್‌ವರೆಗೆ ಒಂದು, 300ರಿಂದ 1500ಕ್ಕೆ ಇನ್ನೊಂದು, ಅದರ ಮೇಲೆ 3000 ಮೀಟರ್‌ವರೆಗೆ ಮತ್ತೊಂದು ಸೆಟ್ಟಿಂಗ್. ಕೊಳ್ಳುವ ಮುಂಚೆ ಇದನ್ನು ಕೇಳಿ ತಿಳಿದುಕೊಳ್ಳಿ.

ಡೈವ್ ಮುಗಿಸಿ ಊರಿಗೆ ಬರುವಾಗ ಇದು ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಡೈವ್ ಆದ ಮೇಲೆ ವಿಮಾನ ಹತ್ತಬಾರದು ಅಂತ ಎಲ್ಲರಿಗೂ ಗೊತ್ತು. ಡೈವರುಗಳ ಸುರಕ್ಷತೆಗೆ ಕೆಲಸ ಮಾಡುವ ಡ್ಯಾನ್ ಸಂಸ್ಥೆಯ ಸೂಚನೆ ಹೀಗಿದೆ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಎರಡು ಅಥವಾ ಜಾಸ್ತಿ ಆದರೆ 18 ಗಂಟೆ ಕಾಯಬೇಕು. ಈ ಸೂಚನೆ 2000ದಿಂದ 8000 ಅಡಿ ಎತ್ತರದ ಒತ್ತಡಕ್ಕೆ ಅನ್ವಯಿಸುತ್ತದೆ. ಮುರುಡೇಶ್ವರದಿಂದ ಕೊಪ್ಪಳಕ್ಕೆ ನಾವು ಬರುವ ದಾರಿ ನೋಡಿ. ಹೊನ್ನಾವರ, ಕುಮಟಾ, ಅಂಕೋಲಾ ದಾಟಿ ಅರಬೈಲ್ ಘಾಟ್ ಹತ್ತಿ ಯಲ್ಲಾಪುರ, ಅಲ್ಲಿಂದ ಹುಬ್ಬಳ್ಳಿ. ಹುಬ್ಬಳ್ಳಿ 2000 ಅಡಿಗೂ ಸ್ವಲ್ಪ ಮೇಲಿದೆ. ಡೈವ್ ಮಧ್ಯಾಹ್ನ ಮುಗಿಯುತ್ತದೆ, ಊಟ ಮಾಡಿ ಕಾರು ಹತ್ತಿದರೆ ಸಂಜೆಯೊಳಗೆ ಘಾಟ್ ಮೇಲೆ ಇರುತ್ತೀರಿ. ವಿಮಾನವಲ್ಲ, ಬರೀ ರಸ್ತೆ ಅಂತ ಮೈಗೆ ಗೊತ್ತಾಗುವುದಿಲ್ಲ.

ಅದಕ್ಕೇ ನಾನು ಕಂಪ್ಯೂಟರಿನ ಪರದೆಯಲ್ಲಿ ವಿಮಾನ ಬೇಡ ಅನ್ನುವ ಗುರುತು ಇರುವವರೆಗೆ ಘಾಟ್ ಹತ್ತುವುದಿಲ್ಲ. ಶನಿವಾರ ಡೈವ್ ಮಾಡಿದರೆ ರಾತ್ರಿ ಮುರುಡೇಶ್ವರದಲ್ಲೇ ಉಳಿದು ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಹೊರಡುತ್ತೇನೆ. ಒಂದು ರೂಮಿನ ಬಾಡಿಗೆ ಜಾಸ್ತಿ ಆಗುತ್ತದೆ, ಆಗಲಿ. ಭಾನುವಾರವೂ ಡೈವ್ ಮಾಡಿ ಸೋಮವಾರ ಬೆಳಿಗ್ಗೆ ಆಫೀಸಿಗೆ ಬರುತ್ತೇನೆ ಅನ್ನುವ ಗೆಳೆಯರ ಜೊತೆ ನಾನು ಹೋಗುವುದಿಲ್ಲ. ಗುರುತು ಸ್ಪಷ್ಟವಾಗಿ ಕಾಣುತ್ತದಾ, ಎಷ್ಟು ಗಂಟೆ ಉಳಿದಿದೆ ಅಂತ ತೋರಿಸುತ್ತದಾ ಅನ್ನುವುದನ್ನು ನಮ್ಮ ಕಡೆಯವರು ಆರಿಸುವಾಗಲೇ ನೋಡಬೇಕು.

ನೀರಿನಲ್ಲಿ ನಾನು ನೋಡುವುದು ಎರಡೇ, ಆಳ ಮತ್ತು ಉಳಿದ ನಿಮಿಷ. ಮೇಲೆ ಬರುವಾಗ ನೈಟ್ರೋಜನ್ ಹೊರಗೆ ಹೋಗಲಿ ಅಂತ 5 ಮೀಟರಿನಲ್ಲಿ ನಿಂತರೆ 3 ನಿಮಿಷದ ಎಣಿಕೆ ತಾನಾಗಿ ಶುರುವಾಗುತ್ತದೆ. ನೀರಿನಲ್ಲಿ ಜೊತೆಗಿರುವ ಡೈವರ್‌ನ ಕಂಪ್ಯೂಟರ್ ನನ್ನದಕ್ಕಿಂತ ಕಮ್ಮಿ ನಿಮಿಷ ತೋರಿಸಿದರೆ ಇಬ್ಬರೂ ಅವನದನ್ನೇ ಪಾಲಿಸುತ್ತೇವೆ.

ಮನೆಗೆ ತಂದ ಮೇಲೆ ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಹಾಕಿ, ಗುಂಡಿಯ ಸುತ್ತ ಉಪ್ಪು ಬಿಡುವಂತೆ ತೊಳೆದು, ನೆರಳಲ್ಲಿ ಒಣಗಿಸಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಬಿಸಿಲಲ್ಲಿ ನಿಂತ ಕಾರಿನ ಒಳಗೆ ಇನ್ನೂ ಎಷ್ಟೋ ಜಾಸ್ತಿ. ಅಲ್ಲಿ ಬಿಟ್ಟರೆ ಬ್ಯಾಟರಿ, ರಬ್ಬರ್ ಎರಡೂ ಹಾಳು. ಬೀರುವಿನ ಒಳಗೆ ಬಟ್ಟೆ ಸುತ್ತಿ ಇಡುತ್ತೇನೆ. ಇದರ ಬ್ಯಾಟರಿ ಸಿಆರ್ 2450. ಕೊಪ್ಪಳದ ವಾಚ್ ಅಂಗಡಿಗಳಲ್ಲಿ ಕೇಳಿದರೆ 2032 ಕೊಡುತ್ತಾರೆ, ಅದು ಕೂರುವುದಿಲ್ಲ, ಆನ್‌ಲೈನಿನಲ್ಲಿ ತರಿಸಿ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಬದಲಿಸುವಾಗ ಮುಚ್ಚಳದ ಕೆಳಗಿನ ರಬ್ಬರ್ ಉಂಗುರ, ಅಂದರೆ ಓ-ರಿಂಗ್, ತೆಗೆದು ಬೆಳಕಿಗೆ ಹಿಡಿದು ನೋಡಿ. ಒಂದು ಕೂದಲು ಸಿಕ್ಕಿಕೊಂಡರೂ ನೀರು ಒಳಗೆ ಹೋಗುತ್ತದೆ. ಬೆರಳ ತುದಿಯಲ್ಲಿ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ ಕೂರಿಸಿ. ಓ-ರಿಂಗ್ ಸೀಳಿದ್ದರೆ ಹೊಸದೇ ಹಾಕಿ.

ಕೊಳ್ಳುವುದಾದರೆ ಸೆಪ್ಟೆಂಬರ್ ಒಳ್ಳೆಯ ತಿಂಗಳು. ನೇತ್ರಾಣಿಯಲ್ಲಿ ಮಳೆಗಾಲ ಪೂರ್ತಿ ಡೈವಿಂಗ್ ಇರುವುದಿಲ್ಲ, ಅಕ್ಟೋಬರ್ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ಅಷ್ಟರೊಳಗೆ ಮ್ಯಾನ್ಯುಯಲ್ ಎರಡು ಸಲ ಓದಲು, ಬಾವಿಗೆ ಇಳಿಸಿ ನೋಡಲು, ಏನಾದರೂ ತೊಂದರೆ ಕಂಡರೆ ವಾರಂಟಿಯಲ್ಲಿ ವಾಪಸ್ ಕಳಿಸಿ ಬದಲಿ ತರಿಸಲು ಸಮಯ ಸಿಗುತ್ತದೆ.